ಲಾಗ್‌ಬುಕ್ಕಿನಲ್ಲಿ ನಾನು ಬರೆದ ‘ಓಕೆ’

ಮಧ್ಯಾಹ್ನ ಎರಡು ಹೊಡೆಯಲು ಹತ್ತು ನಿಮಿಷ ಇದೆ ಅಂದರೆ ನಮ್ಮ ಶಾಪಿನಲ್ಲಿ ಯಾರ ಕಿವಿಯೂ ಮೆಷೀನಿನ ಕಡೆ ಇರುತ್ತಿರಲಿಲ್ಲ, ಬಸ್ಸಿನ ಹಾರನ್ ಕಡೆ ಇರುತ್ತಿತ್ತು. ಮಂಡ್ಯ ಕಡೆಯ ಕಂಪನಿ ಬಸ್ಸು ಎರಡೂಕಾಲಿಗೆ ಹೊರಟರೆ ಹೊರಟಿತು, ಯಾರಿಗೂ ಕಾಯುವುದಿಲ್ಲ. ತಪ್ಪಿದರೆ ಹೆಬ್ಬಾಳದಿಂದ ಸಿಟಿ ಬಸ್ಸು ಹಿಡಿದು ಸಬರ್ಬನ್ ಸ್ಟ್ಯಾಂಡಿಗೆ ಬಂದು, ಅಲ್ಲಿಂದ ಮಂಡ್ಯ ಬಸ್ಸು ಹತ್ತಬೇಕು. ಮನೆ ಸೇರುವಷ್ಟರಲ್ಲಿ ಊಟದ ಹೊತ್ತು ಹೋಗಿ ಕಾಫಿ ಹೊತ್ತು ಬಂದಿರುತ್ತದೆ. ಬೈಕ್ ತರೋಣ ಅಂದರೆ 2023ರ ಆಗಸ್ಟ್‌ನಿಂದ ಬೆಂಗಳೂರು-ಮೈಸೂರು ಹೊಸ ಹೈವೇಗೆ ಬೈಕು ಬಿಡುತ್ತಿಲ್ಲ, ಸರ್ವೀಸ್ ರೋಡಿನಲ್ಲಿ ಹಂಪ್ ಎಣಿಸಿಕೊಂಡು ಬರಬೇಕು. ಬಸ್ಸಿನ ಕಥೆ ಇಷ್ಟು ಯಾಕೆ ಹೇಳಿದೆ ಅಂದರೆ, ಕೆಲಸದಲ್ಲಿ ನಾನು ಮಾಡಿದ ಅತಿ ದೊಡ್ಡ ತಪ್ಪು ಆ ಹತ್ತು ನಿಮಿಷದಲ್ಲೇ ಆದದ್ದು.

ನಾನು ಡಿಪ್ಲೊಮಾ ಮುಗಿಸಿ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಬಿಡಿಭಾಗಗಳ ಕಾರ್ಖಾನೆಗೆ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಲೇತು) ಆಪರೇಟರ್ ಆಗಿ ಸೇರಿದವನು. ಈಗ ಅದೇ ಲೈನಿಗೆ ಶಿಫ್ಟ್ ಇನ್‌ಚಾರ್ಜ್. ಹೊಸದಾಗಿ ಸೇರಿದ ಹುಡುಗರು ‘ಸಾರ್, ಇಲ್ಲಿ ಒಳ್ಳೆ ಹೆಸರು ತಗೊಳ್ಳೋಕೆ ಏನ್ ಮಾಡ್ಬೇಕು?’ ಅಂತ ಕೇಳಿದಾಗಲೆಲ್ಲ ನನಗೆ ಆ 64 ಶಾಫ್ಟುಗಳು ನೆನಪಾಗುತ್ತವೆ.

ಅವತ್ತು ನನ್ನದು ಎ ಶಿಫ್ಟ್, ಬೆಳಗ್ಗೆ ಆರರಿಂದ ಎರಡು. ಓಡುತ್ತಿದ್ದದ್ದು 35 ಮಿ.ಮೀ. ಶಾಫ್ಟು. ಟಾಲರೆನ್ಸು ಮೇಲೆ ಸೊನ್ನೆ, ಕೆಳಗೆ 25 ಮೈಕ್ರಾನ್. ಅಂದರೆ ವ್ಯಾಸ 35.000 ದಾಟಬಾರದು, 34.975ಕ್ಕಿಂತ ಕೆಳಗೆ ಹೋಗಬಾರದು. ಹೆಚ್ಚೂಕಮ್ಮಿ ತಲೆಗೂದಲ ಅರ್ಧ ದಪ್ಪದಷ್ಟು ಜಾಗದಲ್ಲಿ ಆಟ. ಲೇತಿನಲ್ಲಿ ಕೆತ್ತುವ ಮೊನೆ, ಅಂದರೆ ಟಿಪ್, ಸವೆದಂತೆಲ್ಲ ಜಾಬ್ (ಕೆತ್ತುತ್ತಿರುವ ತುಂಡು) ದಪ್ಪ ಬರಲು ಶುರುವಾಗುತ್ತದೆ. ಆಗ ಮೆಷೀನಿನ ಪರದೆಯಲ್ಲಿ ಆಫ್‌ಸೆಟ್ ಪೇಜಿಗೆ, ಅಂದರೆ ಅಳತೆ ತಿದ್ದುವ ಪುಟಕ್ಕೆ, ಹೋಗಿ ವ್ಯಾಸದ ಲೆಕ್ಕವಾದ ಎಕ್ಸ್‌ನಲ್ಲಿ ಮೈನಸ್ 0.01 ಕೊಡುತ್ತೇವೆ. ಅವತ್ತು ಮೂರು ಸಲ ಕೊಟ್ಟಿದ್ದೆ, ಒಟ್ಟು ಮೈನಸ್ 0.03. ಟಿಪ್ ಬದಲಾಯಿಸಿದ ಕೂಡಲೇ ಈ ಲೆಕ್ಕವನ್ನು ಸೊನ್ನೆ ಮಾಡಲೇಬೇಕು. ಇಲ್ಲದಿದ್ದರೆ ಹೊಸ ಟಿಪ್ ಅಷ್ಟನ್ನೂ ಹೆಚ್ಚಿಗೆ ಕೆತ್ತಿ ಹಾಕುತ್ತದೆ. ದಪ್ಪ ಬಂದ ಶಾಫ್ಟನ್ನು ಮತ್ತೆ ಮೆಷೀನಿಗೆ ಕಟ್ಟಿ ಸರಿಮಾಡಬಹುದು. ಸಣ್ಣ ಆದದ್ದು ಸೀದಾ ಸ್ಕ್ರ್ಯಾಪ್.

ಟಿಪ್ ಮುಗಿಯುತ್ತಾ ಬಂದಿದೆ ಅಂತ ನನಗೆ ಗೊತ್ತಿತ್ತು. ಸದ್ದಿನಲ್ಲೇ ಗೊತ್ತಾಗುತ್ತದೆ. ಆದರೆ ಗಂಟೆ ಒಂದೂ ಐವತ್ತೈದು. ಮುಂದಿನ ಪಾಳಿಯವರಿಗೆ ವಿವರ ಬರೆದಿಡುವ ಲಾಗ್‌ಬುಕ್ಕಿನ ರಿಮಾರ್ಕ್ಸ್ ಜಾಗದಲ್ಲಿ ‘ಓಕೆ’ ಅಂತ ಗೀಚಿ, ಸಹಿ ಹಾಕಿ, ಓಡಿದೆ.

ಬಿ ಶಿಫ್ಟಿಗೆ ಬಂದವನು ಐಟಿಐ ಮುಗಿಸಿ ಆರು ತಿಂಗಳಾಗಿದ್ದ ಹುಡುಗ. ಎರಡೂ ಇಪ್ಪತ್ತಕ್ಕೆ ಟಿಪ್ ಬದಲಾಯಿಸಿದ. ಪುಸ್ತಕ ನೋಡಿದ, ‘ಓಕೆ’ ಇತ್ತು. ಡಿಸ್ಪ್ಯಾಚ್ ಲಾರಿ ಗೇಟಿನಲ್ಲಿ ನಿಂತಿತ್ತು, ಮೇಲಿಂದ ಒಬ್ಬರಾದ ಮೇಲೆ ಒಬ್ಬರು ಬಂದು ‘ಎಷ್ಟಾಯ್ತು, ಎಷ್ಟಾಯ್ತು’ ಅನ್ನುತ್ತಿದ್ದರು. ಹೊಸ ಟಿಪ್‌ನ ಮೊದಲ ಶಾಫ್ಟನ್ನು ಅಳೆದು ನೋಡುವ ಫಸ್ಟ್ ಪೀಸ್ ಚೆಕ್ ಮಾಡಬೇಕಿತ್ತು, ಮಾಡಲಿಲ್ಲ. ನಾಲ್ಕೂವರೆಗೆ ಕ್ವಾಲಿಟಿಯವರು ರೌಂಡಿಗೆ ಬಂದು ಗೇಜ್ ಹಾಕಿದಾಗ ಶಾಫ್ಟು, ಸರಿಯಿದ್ದರೆ ಹೋಗಲೇಬಾರದ ನೋ-ಗೋ ಕಡೆಯಿಂದಲೂ ಸಲೀಸಾಗಿ ಜಾರಿಹೋಯಿತು. ಅಷ್ಟರಲ್ಲಿ 64 ಆಗಿತ್ತು.

ಮಾರನೆ ದಿನ ಬೆಳಗಿನ ಮೀಟಿಂಗಿಗೆ ಆ ಹುಡುಗನನ್ನೂ ಬರಹೇಳಿ ಎಲ್ಲರೆದುರು ನಿಲ್ಲಿಸಿ ಉಗಿದರು. ನಾನೂ ಅಲ್ಲೇ ಇದ್ದೆ. ಕೈಕಟ್ಟಿಕೊಂಡು ನೆಲ ನೋಡುತ್ತಾ ನಿಂತಿದ್ದೆ. ‘ಫಸ್ಟ್ ಪೀಸ್ ಚೆಕ್ ಮಾಡದೆ ಇದ್ದದ್ದು ಅವನ ತಪ್ಪೇ ತಾನೇ’ ಅಂತ ಮನಸ್ಸಿಗೆ ಹೇಳಿಕೊಂಡೆ. ಅದು ಸುಳ್ಳೂ ಅಲ್ಲ. ಆದರೆ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಚಿತ್ರಾನ್ನ ಗಂಟಲಲ್ಲಿ ಇಳಿಯಲಿಲ್ಲ. ಶಿಫ್ಟು ಮುಗಿದ ಮೇಲೆ ಬಸ್ಸು ಬಿಟ್ಟು ಮ್ಯಾನೇಜರ್ ಹತ್ತಿರ ಹೋಗಿ ಮೈನಸ್ 0.03ರ ವಿಷಯ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಿನ್ನೆನೇ ಹೇಳಿದ್ರೆ ಆ ಹುಡುಗ ಉಗಿಸ್ಕೊಳ್ತಿರಲಿಲ್ವಲ್ಲಪ್ಪ’ ಅಂದರು. ಬೈದಿದ್ದರೆ ವಾಸಿಯಿತ್ತು.

ಹುಡುಗನಿಗೂ ಹೇಳಿದೆ. ಅವನು ಸಣ್ಣಗೆ ನಕ್ಕು, ‘ನಂಗೊತ್ತಿತ್ತು ಕಣಣ್ಣ. ಆಮೇಲೆ ಪೇಜ್ ನೋಡ್ದಾಗ 0.03 ಹಂಗೇ ಇತ್ತು. ನೀವು ಸೀನಿಯರ್, ಹೆಂಗ್ ಹೇಳದು?’ ಅಂದ. ನನ್ನ ಹೆಸರು ಹೇಳದೆ ಬೈಸಿಕೊಂಡಿದ್ದ. ಟೀಮ್ ವರ್ಕ್ ಅಂದರೆ ಹೊಂದಿಕೊಂಡು ಹೋಗುವುದು ಅಂತ ಅಲ್ಲಿಯವರೆಗೆ ನಾನೂ ನಂಬಿದ್ದೆ. ಹೊಂದಿಕೊಂಡು ಹೋಗುವವರು ಇಬ್ಬರು ಸೇರಿ 64 ಶಾಫ್ಟು ಗುಜರಿಗೆ ಹಾಕಿದ್ದೆವು.

ಆ ವಾರ ಕೂತು ಆ ತಿಂಗಳ ಲಾಗ್‌ಬುಕ್ ತಿರುವಿ ಹಾಕಿದೆ. ಮೂರು ಶಿಫ್ಟು, 26 ದಿನ, 78 ಎಂಟ್ರಿ. ಮೂರು ಕಡೆ ಬಿಟ್ಟು ಮಿಕ್ಕದ್ದೆಲ್ಲ ‘ಓಕೆ’. ಇಷ್ಟು ಜನ ಸೋಮಾರಿಗಳಾ ನಾವು? ಇದೇ ಜನ ಬಸ್ಸಿನಲ್ಲಿ ಕೂತರೆ ಯಾವ ಮೆಷೀನಿನ ಚಕ್ ಸಡಿಲ, ಯಾವುದರ ಕೂಲೆಂಟ್ ನಾರುತ್ತಿದೆ ಅಂತ ಶ್ರೀರಂಗಪಟ್ಟಣ ಬರುವ ತನಕ ಮಾತಾಡುತ್ತಾರೆ. ಯೋಚಿಸಿದಾಗ ಹೊಳೆದದ್ದು ತೀರಾ ಸಣ್ಣ ಸಂಗತಿ: ಆ ಪುಸ್ತಕದಲ್ಲಿ ಇಂಗ್ಲಿಷಿನಲ್ಲೇ ಬರೆಯಬೇಕಿತ್ತು. ‘ಟಿಪ್ ಸವೆದಿದೆ, ಮೂರು ಸಲ ಆಫ್‌ಸೆಟ್ ಕೊಟ್ಟಿದ್ದೇನೆ, ಬದಲಾಯಿಸಿದರೆ ಸೊನ್ನೆ ಮಾಡಿ’ ಅನ್ನುವುದನ್ನು ಇಂಗ್ಲಿಷಿನಲ್ಲಿ ಬರೆಯಲು ನನಗೇ ಐದು ನಿಮಿಷ ಬೇಕು, ಅದರಲ್ಲೂ ತಪ್ಪು ಬರೆದು ಇಂಜಿನಿಯರುಗಳ ಕೈಲಿ ನಗಿಸಿಕೊಳ್ಳಬೇಕು. ‘ಓಕೆ’ಗೆ ಎರಡು ಅಕ್ಷರ, ಸ್ಪೆಲ್ಲಿಂಗ್ ತಪ್ಪುವುದಿಲ್ಲ.

ಕನ್ನಡದಲ್ಲಿ ಬರೆಯಲು ಬಿಡಿ ಅಂತ ಕೇಳಿದೆ. ಕ್ವಾಲಿಟಿಯವರು ‘ಆಡಿಟರ್ ಬಂದ್ರೆ ಏನ್ ತೋರಿಸ್ಲಿ?’ ಅಂದರು. ಗುಣಮಟ್ಟದ ಮಾನದಂಡವಾದ ಐಎಸ್‌ಒ 9001ರಲ್ಲಿ ದಾಖಲೆ ಇರಬೇಕು ಅಂತಿದೆಯೇ ಹೊರತು ಇಂಗ್ಲಿಷಿನಲ್ಲೇ ಇರಬೇಕು ಅಂತ ಎಲ್ಲೂ ಇಲ್ಲ. ಅದನ್ನು ಒಪ್ಪಿಸಲು ಎರಡು ತಿಂಗಳು ಹಿಡಿಯಿತು. ಕೊನೆಗೆ ಅಳತೆಗಳಿಗೆ ಬೇರೆ ಬೇರೆ ಕಾಲಂ ಮಾಡಿದರು: ಟಿಪ್ ಎಷ್ಟು ಜಾಬ್ ಓಡಿದೆ, ಎಕ್ಸ್ ಆಫ್‌ಸೆಟ್ ಎಷ್ಟಿದೆ, ಕೊನೆಯ ಜಾಬಿನ ಅಳತೆ ಎಷ್ಟು. ಅಲ್ಲಿ ಅಂಕಿ ಮಾತ್ರ. ರಿಮಾರ್ಕ್ಸ್ ನಿಮ್ಮ ಭಾಷೆಯಲ್ಲಿ. ಮೊದಲ ವಾರದಲ್ಲೇ ಒಬ್ಬರು ಅರ್ಧ ಪುಟ ಬರೆದಿದ್ದರು, ಅದರಲ್ಲಿ ಕಾಲು ಭಾಗ ಕ್ಯಾಂಟೀನ್ ಸಾಂಬಾರಿನ ಬಗ್ಗೆ. ಇರಲಿ ಬಿಡಿ, ಮಿಕ್ಕ ಮುಕ್ಕಾಲು ಕೆಲಸಕ್ಕೆ ಬಂತು.

ನಿಜ ಹೇಳಬೇಕೆಂದರೆ ಈ ಬುದ್ಧಿ ನನಗೆ ಮನೆಯಲ್ಲೇ ಸಿಗಬೇಕಿತ್ತು. ನಮ್ಮಪ್ಪ ಪಾಂಡವಪುರದ ಕಡೆ ಆಲೆಮನೆಯಲ್ಲಿ ಪಾಕ ನೋಡುತ್ತಿದ್ದರು. ಗಾಣಕ್ಕೆ ಕಬ್ಬು ಕೊಡುವವನು ಒಬ್ಬ, ಒಲೆಗೆ ಒಣಗಿದ ರಚ್ಚು (ಹಿಂಡಿದ ಕಬ್ಬಿನ ಸಿಪ್ಪೆ) ತಳ್ಳುವವನು ಒಬ್ಬ, ಕೊಪ್ಪರಿಗೆಯ ಮಡ್ಡಿ ತೆಗೆಯುವವನು ಒಬ್ಬ, ಅಚ್ಚಿಗೆ ಸುರಿಯುವವರು ಇಬ್ಬರು. ಪಾಕದವನು ಒಂದು ಹನಿ ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉರುಟಿ ನೋಡಿ ‘ಇಳ್ಸ್ರಲಾ’ ಅಂದರೆ ಮುಗಿಯಿತು, ಅರೆಗಳಿಗೆ ತಡವಾದರೂ ಬೆಲ್ಲ ಕೆಟ್ಟಿತು. ಅಪ್ಪ ಊಟಕ್ಕೆ ಏಳುವಾಗ ಇನ್ನೊಬ್ಬರನ್ನು ಕೊಪ್ಪರಿಗೆ ಮುಂದೆ ನಿಲ್ಲಿಸಿ ಹೇಳುತ್ತಿದ್ದದ್ದು ನನಗೆ ಈಗಲೂ ಕಿವಿಯಲ್ಲಿದೆ: ‘ಇದು ಕೂಳೆ ಕಬ್ಬು. ಸುಣ್ಣ ಒಂದ್ ಚೂರು ಜಾಸ್ತಿ ಬಿದ್ದದೆ, ಇನ್ನು ಹಾಕ್ಬ್ಯಾಡ. ಉರಿ ಎಡಗಡೆ ಜೋರಾಗದೆ.’ ‘ಎಲ್ಲಾ ಸರಿಯಾಗದೆ’ ಅಂತ ಅವರು ಒಂದು ದಿನವೂ ಹೇಳಿದ್ದು ನೆನಪಿಲ್ಲ. ಕೊಪ್ಪರಿಗೆಯ ಮುಂದೆ ನಿಂತು ಹೇಳುತ್ತಿದ್ದರು, ದಾರಿಯಲ್ಲಿ ಅಲ್ಲ.

ಅದನ್ನೇ ನಾವು ತಂದೆವು. ಗೇಟಿನಲ್ಲಿ, ಲಾಕರ್ ಹತ್ತಿರ ‘ಏನ್ ಗುರು, ಹೆಂಗಿದೆ?’ ಅಂತ ಕೇಳುವುದು ಲೆಕ್ಕಕ್ಕಿಲ್ಲ. ಮೆಷೀನಿನ ಎದುರು ಇಬ್ಬರೂ ನಿಂತು, ಆಫ್‌ಸೆಟ್ ಪೇಜ್ ತೆರೆದು, ಬೆರಳಿಟ್ಟು ತೋರಿಸಿ ಹೇಳಬೇಕು. ಬಂದವನು ತಿರುಗಿ ಹೇಳಬೇಕು. ಈ ತಿರುಗಿ ಹೇಳುವುದಕ್ಕೆ ಮೊದಮೊದಲು ಎಲ್ಲರಿಗೂ ನಾಚಿಕೆ, ‘ಸ್ಕೂಲ್ ಮಕ್ಕಳಾ ನಾವು?’ ಅಂದರು. ಆದರೆ ನಮ್ಮ ಕಡೆ ‘ಹೂಂ’ ಅಂದರೆ ಕೇಳಿಸಿತು ಅಂತ ಅರ್ಥವೇ ಹೊರತು ಅರ್ಥವಾಯಿತು ಅಂತಲ್ಲ. ‘ಹೂಂ ಸಾರ್’ ಅಂದ ಹತ್ತರಲ್ಲಿ ನಾಲ್ಕು ಜನಕ್ಕೆ ಏನು ಹೇಳಿದೆ ಅಂತ ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ. ಒಡಿಶಾದಿಂದ ಬಂದ ಕಾಂಟ್ರ್ಯಾಕ್ಟ್ ಹುಡುಗರಿಗೆ ನಮ್ಮ ಕನ್ನಡದ ರಿಮಾರ್ಕ್ಸ್ ಓದಲು ಬರುವುದಿಲ್ಲ. ಅವರಿಗಂತೂ ಬೆರಳು, ಅಂಕಿ, ತಿರುಗಿ ಹೇಳುವುದು, ಇವು ಮೂರೇ ದಾರಿ. ಈಗ ‘ಸೊನ್ನೆ’ ಅನ್ನುವುದನ್ನು ನಮಗಿಂತ ಸ್ಪಷ್ಟವಾಗಿ ಹೇಳುತ್ತಾರೆ.

ಹತ್ತು ನಿಮಿಷ ಮುಂಚೆ ಬನ್ನಿ ಅಂತ ಬಿ ಶಿಫ್ಟಿನವರನ್ನು ಕೇಳಿದಾಗ ‘ಓಟಿ ಕೊಡ್ತೀರಾ?’ ಅಂದರು. ನ್ಯಾಯವಾದ ಪ್ರಶ್ನೆ. ದುಡ್ಡು ಕೊಡದೆ ಜನರ ಸಮಯ ಕೇಳಿ ಅದಕ್ಕೆ ಕಮಿಟ್‌ಮೆಂಟ್ ಅಂತ ಹೆಸರಿಡುವುದು ನನಗೂ ಹಿಡಿಸದು. ಅವರ ಬಸ್ಸು ಹೇಗೂ ಒಂದೂ ನಲವತ್ತಕ್ಕೆ ಬಂದಿರುತ್ತದೆ, ಆದರೆ ಆ ಇಪ್ಪತ್ತು ನಿಮಿಷದ ಟೀ ಹೊತ್ತು ಅವರದು. ಕೊನೆಗೆ ಮ್ಯಾನೇಜರನ್ನೇ ಒಪ್ಪಿಸಿದೆ: ಎ ಶಿಫ್ಟಿನ ಟಾರ್ಗೆಟ್‌ನಲ್ಲಿ ಐದು ಜಾಬ್ ಕಡಿಮೆ ಮಾಡಿ. ಒಂದು ಜಾಬಿಗೆ ಎರಡು ನಿಮಿಷ, ಐದಕ್ಕೆ ಹತ್ತು. ಒಂದೂ ಐವತ್ತಕ್ಕೆ ಮೆಷೀನ್ ನಿಲ್ಲಿಸಿ ಚಿಪ್ಸ್ (ಕೆತ್ತಿದ ಲೋಹದ ಚೂರು) ಬಳಿದು ಒರೆಸಿ ಪುಸ್ತಕ ಬರೆದಿಡುತ್ತೇವೆ. ಬಿ ಶಿಫ್ಟಿನವರು ಎರಡಕ್ಕೆ ಬಂದರೂ ಮೂರು ನಿಮಿಷದಲ್ಲಿ ಹೇಳಿ ಮುಗಿಯುತ್ತದೆ, ಬಸ್ಸೂ ಸಿಗುತ್ತದೆ. ‘ಐದು ಜಾಬ್ ಲಾಸ್’ ಅಂತ ಮ್ಯಾನೇಜರ್ ಕ್ಯಾಲ್ಕ್ಯುಲೇಟರ್ ತೆಗೆದಾಗ ನಾನು 64 ಅಂತ ಮಾತ್ರ ಹೇಳಿದೆ.

ಸೇಫ್ಟಿ ತರಬೇತಿಯಲ್ಲಿ ಒಮ್ಮೆ ಪೈಪರ್ ಆಲ್ಫಾ ಎಂಬ ತೈಲ ವೇದಿಕೆಯ ಕಥೆ ಹೇಳಿದರು. ಸ್ಕಾಟ್ಲೆಂಡಿನ ಆಚೆ ಸಮುದ್ರದಲ್ಲಿದ್ದದ್ದು. 1988ರ ಜುಲೈ 6ರ ಹಗಲು ಪಾಳಿಯವರು ಒಂದು ಪಂಪಿನ ಸುರಕ್ಷಾ ವಾಲ್ವನ್ನು ರಿಪೇರಿಗೆ ಬಿಚ್ಚಿ, ಆ ಜಾಗಕ್ಕೆ ಮುಚ್ಚಳ ಕೂರಿಸಿ ಹೋಗಿದ್ದರು. ರಾತ್ರಿ ಇನ್ನೊಂದು ಪಂಪು ನಿಂತುಹೋಯಿತು. ವಾಲ್ವ್ ಬಿಚ್ಚಿದ್ದು ರಾತ್ರಿಯವರಿಗೆ ಗೊತ್ತಿಲ್ಲ, ವಾಲ್ವ್ ಇಲ್ಲದ ಆ ಪಂಪನ್ನೇ ಚಾಲೂ ಮಾಡಿದರು. ಗ್ಯಾಸ್ ಸೋರಿತು, ಸ್ಫೋಟವಾಯಿತು, 167 ಜನ ಸತ್ತರು. ಕೆಲಸ ಬಾಕಿಯಿದೆ ಅನ್ನುವ ಪರ್ಮಿಟ್ ಚೀಟಿ ಇತ್ತಂತೆ, ಬೇಕಾದವರ ಕಣ್ಣಿಗೆ ಬೀಳಲಿಲ್ಲ. ತರಬೇತಿ ಹಾಲ್‌ನಲ್ಲಿ ಅರ್ಧ ಜನ ತೂಕಡಿಸುತ್ತಿದ್ದರು. ನನ್ನ ಅಂಗೈ ಬೆವೆತಿತ್ತು.

ಇನ್ನು ಟೀಮ್ ಬಿಲ್ಡಿಂಗ್. ವರ್ಷಕ್ಕೊಮ್ಮೆ ಕಾವೇರಿ ದಡದ ಬಲಮುರಿಗೆ ಕರೆದುಕೊಂಡು ಹೋಗಿ ಹಗ್ಗ ಎಳೆಸುತ್ತಾರೆ. ಹಗ್ಗ ಎಳೆಯುವ ಜನ ಹೆಚ್ಚಿದಷ್ಟೂ ಒಬ್ಬೊಬ್ಬನ ಎಳೆತ ಕಡಿಮೆಯಾಗುತ್ತದೆ ಅಂತ ರಿಂಗೆಲ್‌ಮನ್ ಎಂಬ ಫ್ರೆಂಚ್ ಕೃಷಿ ಎಂಜಿನಿಯರ್ 1913ರಲ್ಲೇ ಅಳೆದು ತೋರಿಸಿದ್ದಾನೆ. ಎಂಟು ಜನ ಸೇರಿದರೆ ಒಬ್ಬೊಬ್ಬನ ಪಾಲು ಒಂಟಿಯಾಗಿ ಎಳೆದದ್ದರ ಅರ್ಧಕ್ಕೆ ಇಳಿಯುತ್ತದೆ. ನಮ್ಮ ಎಚ್‌ಆರ್‌ಗೆ ಇದನ್ನು ಹೇಳಿದೆ. ಮುಂದಿನ ವರ್ಷ ಹಗ್ಗ ಇನ್ನೂ ಉದ್ದದ್ದು ಬಂತು. ಊಟ ಮಾತ್ರ ಚೆನ್ನಾಗಿತ್ತು.

ವಾಟ್ಸಾಪ್ ಗುಂಪನ್ನೂ ಪ್ರಯತ್ನಿಸಿದೆವು. ಗುಡ್ ಮಾರ್ನಿಂಗ್ ಹೂವುಗಳ ಮಧ್ಯೆ ಆಫ್‌ಸೆಟ್ ಹುಡುಕಬೇಕಾಯಿತು. ಶಾಪಿನ ಸದ್ದಿನಲ್ಲಿ ವಾಯ್ಸ್ ನೋಟ್ ಕೇಳಿಸುವುದಿಲ್ಲ. ಈಗ ಅಲ್ಲಿ ಪೇಜಿನ ಫೋಟೊ ಮಾತ್ರ ಹಾಕಬೇಕು ಅಂತ ಮಾಡಿದ್ದೇವೆ, ಹಬ್ಬದ ದಿನ ಬಿಟ್ಟು.

ಆ ಹುಡುಗ ಈಗ ಬಿ ಶಿಫ್ಟಿಗೆ ಲೈನ್ ಲೀಡರ್. ಹೋದ ವಾರ ಅವನು ಬರೆದದ್ದು ಹೀಗಿತ್ತು: ‘ಟಿಪ್ 140 ಓಡಿದೆ, ಇನ್ನು 40 ಬರಬಹುದು. ಎಕ್ಸ್ ಮೈನಸ್ 0.02. ಕೂಲೆಂಟ್ ಕಡಿಮೆ ಇದೆ, ಸ್ಟೋರಿನಲ್ಲಿ ಕೇಳಿದೆ, ಕೊಟ್ಟಿಲ್ಲ. ಮಧ್ಯದಲ್ಲಿ ಒಂದು ಜಾಬ್ ಬೀಳಿಸಿದೆ, ಕೆಂಪು ಟ್ರೇಯಲ್ಲಿದೆ, ನನ್ನದೇ ತಪ್ಪು.’ ‘ನನ್ನದೇ ತಪ್ಪು’ ಅಂತ ಬರೆದವರನ್ನು ಮೀಟಿಂಗಿನಲ್ಲಿ ಉಗಿಯುವುದಿಲ್ಲ ಅನ್ನುವುದು ನಮ್ಮ ಲೈನಿನ ಒಪ್ಪಂದ. ಎಲ್ಲೂ ಬರೆದಿಟ್ಟಿಲ್ಲ, ಒಮ್ಮೆ ಮುರಿದರೂ ಮರುದಿನವೇ ಪುಸ್ತಕದಲ್ಲಿ ‘ಓಕೆ’ ಕಾಣಿಸಿಕೊಳ್ಳುತ್ತದೆ. ಹಾಗೆ ಎರಡು ಸಲ ಆಗಿಯೂ ಇದೆ, ಒಂದು ಸಲ ನನ್ನ ಬಾಯಿಂದಲೇ.

ಸಿ ಶಿಫ್ಟಿನದು ಮಾತ್ರ ಇನ್ನೂ ಕೈಗೆ ಹತ್ತಿಲ್ಲ. ರಾತ್ರಿಯೆಲ್ಲ ಎದ್ದಿದ್ದವನಿಗೆ ಬೆಳಗ್ಗೆ ಆರಕ್ಕೆ ಬೆರಳಿಟ್ಟು ತೋರಿಸು ಅಂದರೆ ಅವನ ಬೆರಳು ಇರುವುದು ಒಂದು ಕಡೆ, ಕಣ್ಣು ಇರುವುದು ಇನ್ನೊಂದು ಕಡೆ. ನಾಲ್ಕೂಮುಕ್ಕಾಲಿಗೆ ಮಂಡ್ಯದಲ್ಲಿ ಬಸ್ಸು ಹತ್ತಿ ಬಂದ ನನ್ನ ಕಣ್ಣೂ ಅಷ್ಟೇ. ಸದ್ಯಕ್ಕೆ ಆರು ಗಂಟೆಯ ಮೊದಲ ಜಾಬನ್ನು ಇಬ್ಬರೂ ಸೇರಿ ಅಳೆಯುತ್ತೇವೆ. ಅವನು ಅಳೆಯುವಾಗ ನಾನು ನೋಡುತ್ತೇನೆ, ನಾನು ಅಳೆಯುವಾಗ ಅವನು ಆಕಳಿಸುತ್ತಾನೆ.