ಮರೆವಿನ ಹಿರಿಯರಿಗೆ ಪರೀಕ್ಷೆ ಬೇಡ, ಕೈಗೊಂದು ಕೆಲಸ ಕೊಡಿ

'ನಾನ್ಯಾರು ಹೇಳಿ ನೋಡೋಣ?' 'ಬೆಳಿಗ್ಗೆ ಏನು ತಿಂದ್ರಿ?' ಮನೆಯ ಹಿರಿಯರಿಗೆ ಮರೆವು ಶುರುವಾಯಿತು ಅಂದ್ರೆ ಬಂದವರೆಲ್ಲ ಹೀಗೆ ಪರೀಕ್ಷೆ ಮಾಡುತ್ತಾರೆ. ಉತ್ತರ ಹೊಳೆಯದಿದ್ದರೆ ಅವರಿಗೆ ನಾಚಿಕೆ, ಆಮೇಲೆ ಸಿಟ್ಟು, ಕೊನೆಗೆ ಮಾತೇ ಇಲ್ಲ. ಇದನ್ನು ಇವತ್ತೇ ಬಿಡಿ.

ಮೊದಲು ಡಾಕ್ಟರಿಗೆ ತೋರಿಸಿ. ಎಲ್ಲ ಮರೆವೂ ಡಿಮೆನ್ಷಿಯಾ (ಮೆದುಳಿನ ಕಾಯಿಲೆಯಿಂದ ನೆನಪು, ಯೋಚನಾಶಕ್ತಿ ಕುಂದುತ್ತಾ ಹೋಗುವುದು) ಅಲ್ಲ. ವಿಟಮಿನ್ ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ಕೆಲವು ನಿದ್ದೆ ಮಾತ್ರೆಗಳಿಂದಲೂ ಮರೆವು ಬರುತ್ತದೆ, ಇವಕ್ಕೆ ಚಿಕಿತ್ಸೆ ಇದೆ. ಕಿವಿಯನ್ನೂ ಪರೀಕ್ಷೆ ಮಾಡಿಸಿ, ಕೇಳಿಸದೇ ಇದ್ದದ್ದು ನೆನಪಲ್ಲಿ ಉಳಿಯೋದಾದರೂ ಹೇಗೆ? ಒಂದೆರಡು ದಿನದಲ್ಲೇ ದಿಢೀರನೆ ಗೊಂದಲ ಜಾಸ್ತಿಯಾದರೆ ಮಾತ್ರ ಕಾಯಬೇಡಿ. ಮೂತ್ರದ ಸೋಂಕಿನಂಥ ಕಾರಣ ಇರಬಹುದು, ಅವತ್ತೇ ಹೋಗಿ.

ಇನ್ನು ಕೆಲಸದ ವಿಷಯ. ಡಿಮೆನ್ಷಿಯಾಗೆ ಹೆಚ್ಚಾಗಿ ಕಾರಣವಾಗುವ ಅಲ್ಜೈಮರ್ ಕಾಯಿಲೆಯಲ್ಲಿ ಸಾಮಾನ್ಯವಾಗಿ ಹೊಸ ನೆನಪು ಮೊದಲು ಹೋಗುತ್ತದೆ. ಹಳೆಯದು, ಅದರಲ್ಲೂ ಕೈಗೆ ಅಭ್ಯಾಸವಾದದ್ದು, ಬಹಳ ಕಾಲ ಉಳಿಯುತ್ತದೆ. ಹಾಗಾಗಿ ಅವರು ಜೀವನಪೂರ್ತಿ ಏನು ಮಾಡುತ್ತಿದ್ದರು ಅಂತ ಒಂದು ಪಟ್ಟಿ ಮಾಡಿ. ಹೊಲಿಯುತ್ತಿದ್ದವರಿಗೆ ಬಣ್ಣ ಬಣ್ಣದ ಗುಂಡಿ ಕೊಟ್ಟು ಬೇರೆ ಮಾಡಲು ಹೇಳಿ, ಲೆಕ್ಕ ಬರೆಯುತ್ತಿದ್ದವರ ಮುಂದೆ ನಾಣ್ಯ ಇಡಿ, ಗಿಡದ ಹುಚ್ಚು ಇದ್ದವರ ಕೈಗೆ ನೀರಿನ ಚೊಂಬು ಕೊಡಿ. (ಗುಂಡಿ, ನಾಣ್ಯ ಬಾಯಿಗೆ ಹಾಕಿಕೊಳ್ಳುವ ಹಂತದಲ್ಲಿದ್ದರೆ ಇವು ಬೇಡ, ಬಟ್ಟೆ ಮಡಿಸುವುದು ಸಾಕು.) ಬೇಕಾದ ಸಾಮಾನನ್ನೆಲ್ಲ ಮೊದಲೇ ತೆಗೆದಿಡಿ. ಮೊದಲನೆಯದನ್ನು ನೀವೇ ಮಾಡಿ ತೋರಿಸಿ, ಒಂದು ಸಲಕ್ಕೆ ಒಂದೇ ಮಾತು ಹೇಳಿ. ಟವೆಲ್ ಸೊಟ್ಟ ಮಡಿಸಿದರಾ? ಇರಲಿ ಬಿಡಿ. 'ಹಾಗಲ್ಲ ಅಜ್ಜಿ, ಹೀಗೆ' ಅಂದ ಕ್ಷಣ ಅವರು ಟವೆಲ್ ಕೆಳಗಿಟ್ಟು ಎದ್ದು ಹೋಗಬಹುದು. ಇಪ್ಪತ್ತು ನಿಮಿಷ ಕೂತರೂ ಸಾಕು. ದುಬಾರಿ ಮೆದುಳಿನ ಆಟದ ಆ್ಯಪ್‌ಗಳಿಗೆ ಸುಮ್ನೆ ದುಡ್ಡು ಹಾಕಬೇಡಿ ಅಂತಲೇ ನನ್ನ ಅಭಿಪ್ರಾಯ.

ಮಾತಾಡುವಾಗ ನೆನಪು ಕೇಳಬೇಡಿ, ಅಭಿಪ್ರಾಯ ಕೇಳಿ. ಬ್ರಿಟನ್ನಿನಲ್ಲಿ ರೂಪುಗೊಂಡ, ವಾರಕ್ಕೆ 2 ಸಲದಂತೆ 14 ಸಲ ಗುಂಪಾಗಿ ಕೂತು ಮಾಡುವ ಮೆದುಳಿನ ಚಟುವಟಿಕೆಯ ಚಿಕಿತ್ಸೆಯಲ್ಲೂ ಇದು ಒಂದು ಮುಖ್ಯ ನಿಯಮ. ಫೋಟೊ ತೋರಿಸಿ 'ಇದ್ಯಾರು?' ಅನ್ನುವ ಬದಲು 'ಇದು ನಿಮ್ಮ ತಂಗಿ ಮದುವೆ, ಈ ಸೀರೆ ಚೆಂದವೋ ಆ ಸೀರೆಯೋ?' ಅನ್ನಿ. ಇಂಥ ಪ್ರಶ್ನೆಗೆ ತಪ್ಪು ಉತ್ತರವೇ ಇಲ್ಲ ಅಲ್ವಾ? ಅವರ ಹದಿಹರೆಯದ, ಇಪ್ಪತ್ತರ ವಯಸ್ಸಿನ ಹಾಡುಗಳನ್ನು ಹಾಕಿ ನೋಡಿ, ಮಾತು ಕಡಿಮೆಯಾದವರೂ ಕೆಲವೊಮ್ಮೆ ಸಾಲು ತಪ್ಪದೆ ಹಾಡುತ್ತಾರೆ.

ಸಂಜೆ ಹೊತ್ತು ಸ್ವಲ್ಪ ಕಷ್ಟ. ಬೆಳಕು ಇಳಿಯುತ್ತಿದ್ದಂತೆ ಹಲವರಿಗೆ ತಳಮಳ ಶುರುವಾಗುತ್ತದೆ, ತಮ್ಮ ಮನೆಯಲ್ಲೇ ಕೂತು 'ಮನೆಗೆ ಹೋಗ್ಬೇಕು' ಅಂತ ಹಟ ಹಿಡಿಯುತ್ತಾರೆ. 'ಇದೇ ನಿಮ್ಮ ಮನೆ' ಅಂತ ವಾದಕ್ಕಿಳಿಯಬೇಡಿ. 'ಮನೇಲಿ ಯಾರ್ಯಾರು ಇರ್ತಾರೆ?' ಅಂತ ಮಾತಿಗೆಳೆಯಿರಿ. ಕತ್ತಲಾಗುವ ಮೊದಲೇ ಲೈಟ್ ಹಾಕಿ, ಟಿವಿ ಆರಿಸಿ, ಕೆಲಸ-ಗಿಲಸವನ್ನೆಲ್ಲ ಬೆಳಗಿನ ಹೊತ್ತಿಗೇ ಇಟ್ಟುಕೊಳ್ಳಿ.

ಒಂದು ದಿನ ಏನು ಕೊಟ್ಟರೂ ಬೇಡ ಅಂದರೆ ಒತ್ತಾಯ ಬೇಡ. ಅರ್ಧ ಗಂಟೆ ಬಿಟ್ಟು, ಸಾಧ್ಯವಾದರೆ ಮನೆಯ ಬೇರೆಯವರ ಕೈಲಿ ಕೇಳಿಸಿ. ಅಷ್ಟು ಹೊತ್ತು ನೀವೂ ಎದ್ದು ಹೊರಗೆ ಓಡಾಡಿ ಬನ್ನಿ.