ಎರಡು ಲೀಟರಿಗೆ ಒಂದು ಮೈಲು: ಫುಕೆಟ್‌ನಿಂದ ಪಣಂಬೂರಿಗೆ

ಮಲ್ಪೆ ದಕ್ಕೆಯಲ್ಲಿ ಬೋಟು ಹೊರಡುವಾಗ ಜನ ಕೇಳುವುದು ಎರಡೇ: ಡೀಸೆಲ್ ಎಷ್ಟು, ಐಸ್ ಎಷ್ಟು. ಥಾಯ್ಲೆಂಡಿನ ಫುಕೆಟ್‌ನಿಂದ ಒಂದು ಪವರ್ ಕ್ಯಾಟಮರಾನ್, ಅಂದರೆ ಎಂಜಿನ್ನಿನಲ್ಲಿ ಓಡುವ ಜೋಡಿ ಒಡಲಿನ ಬೋಟು, ಮಂಗಳೂರಿಗೆ ತರಬೇಕು, ಬರುತ್ತೀರಾ ಎಂದು ದೊಡ್ಡಪ್ಪನಿಗೆ ಫೋನ್ ಮಾಡಿದಾಗ ಅವರೂ ಅದನ್ನೇ ಕೇಳಿದರು. ಐಸ್ ಬೇಡ, ಡೀಸೆಲ್ ಎರಡು ಸಾವಿರ ಲೀಟರ್ ಹಿಡಿಯುತ್ತದೆ ಅಂದೆ. ಶ್ರೀಲಂಕಾದ ಗಾಲೆ ತನಕ ಸುಮಾರು 1,100 ನಾಟಿಕಲ್ ಮೈಲು, ನಡುವೆ ಎಲ್ಲೂ ಡೀಸೆಲ್ ಸಿಗುವುದಿಲ್ಲ ಎಂದೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ತುಳುವಿನಲ್ಲಿ, "ಮೆಲ್ಲ ಪೋಯಿ" ಅಂದರು. ನಿಧಾನ ಹೋಗೋಣ. ನಲವತ್ತು ವರ್ಷ ಮೀನುಬೋಟು ನಡೆಸುವ ತಾಂಡೇಲರಾಗಿದ್ದವರು. ನಾನು ಆಮೇಲೆ ತಿಂಗಳುಗಟ್ಟಲೆ ಕೂತು ಹಾಕಿದ ಲೆಕ್ಕವೆಲ್ಲ ಕೊನೆಗೆ ಬಂದು ನಿಂತದ್ದು ಆ ಮಾತಿಗೇ.

ನಾನು ಹಡಗಿನ ಎಂಜಿನಿಯರ್. ಹದಿನಾಲ್ಕು ವರ್ಷ ಸರಕು ಹಡಗುಗಳಲ್ಲಿ ದುಡಿದಿದ್ದೇನೆ. ಬೋಟಿನ ಯಜಮಾನರು ನಮ್ಮ ಕರಾವಳಿಯವರೇ, ಗಲ್ಫ್‌ನಲ್ಲಿ ವ್ಯಾಪಾರ. 48 ಅಡಿಯ ಬೋಟು, ಒಂದೊಂದು ಹಲ್‌ನಲ್ಲಿ (ನೀರಲ್ಲಿ ಕೂರುವ ಒಡಲಿನಲ್ಲಿ) 300 ಕುದುರೆಶಕ್ತಿಯ ಒಂದೊಂದು ಡೀಸೆಲ್ ಎಂಜಿನ್. ನನ್ನ ಜತೆ ದೊಡ್ಡಪ್ಪ, ಮತ್ತೆ ಬೋಳಾರದಲ್ಲಿ ಎಲೆಕ್ಟ್ರಿಕಲ್ ಕೆಲಸ ಮಾಡುವ ಭಾವ. ಮೂವರೇ.

ಕ್ಯಾಟಮರಾನ್ ಅಂದರೆ ನಮ್ಮವರಿಗೆ ಹೊಸತೇನಲ್ಲ. ಹೆಸರೇ ತಮಿಳಿನ ಕಟ್ಟುಮರದಿಂದ ಹೋದದ್ದು. ಎರಡು ದೋಣಿ ಜೋಡಿಸಿ ಮೇಲೆ ಹಲಗೆ ಹಾಸಿ ಹೊಳೆ ದಾಟಿಸುವ ಜಂಗಲ್ ಕಂಡವರಿಗೆ ಅದು ಯಾಕೆ ಮಗುಚುವುದಿಲ್ಲ ಎಂದು ಹೇಳಿಕೊಡಬೇಕಾಗಿಲ್ಲ. ಒಂಟಿ ಹಲ್‌ನ ಮೋಟಾರು ಬೋಟು ಹಿಂಬದಿಯ ಅಲೆಗೆ ತೊಟ್ಟಿಲ ಹಾಗೆ ತೂಗುತ್ತದೆ, ವಾರಗಟ್ಟಲೆ ಅದರಲ್ಲಿ ಮಲಗುವುದು ಕಷ್ಟ. ಕ್ಯಾಟಮರಾನ್ ಹಾಗೆ ತೂಗುವುದಿಲ್ಲ. ಎರಡನೆಯ ಲಾಭ ಹಲ್‌ನ ತೆಳುಮೈ. ಸಾಮಾನ್ಯ ಬೋಟು ನೀರನ್ನು ತಳ್ಳಿಕೊಂಡು ಹೋಗುವಾಗ ಅದರ ಉದ್ದಕ್ಕೆ ತಕ್ಕ ಒಂದು ವೇಗದ ಮಿತಿ ಇದೆ: ನೀರಗೆರೆಯ ಉದ್ದವನ್ನು ಅಡಿಯಲ್ಲಿ ಅಳೆದು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಆ ಮಿತಿ ನಾಟ್‌ನಲ್ಲಿ, ಅಂದರೆ ಗಂಟೆಗೆ ಎಷ್ಟು ನಾಟಿಕಲ್ ಮೈಲು ಎಂದು, ಬರುತ್ತದೆ. ನಮ್ಮ ಉದ್ದಕ್ಕೆ ಅದು ಒಂಬತ್ತರ ಮೇಲೆ. ದಪ್ಪ ಹಲ್ ಆ ಗೆರೆ ದಾಟಬೇಕಾದರೆ ತಾನೇ ಎಬ್ಬಿಸಿದ ಅಲೆಯನ್ನು ಹತ್ತಬೇಕು. ತೆಳು ಹಲ್‌ಗೆ ಆ ಗುಡ್ಡ ಅಷ್ಟಾಗಿ ಅಡ್ಡ ಬರುವುದಿಲ್ಲ.

ಮೋಸ ಹೋಗುವುದೂ ಅಲ್ಲೇ. ಸಲೀಸಾಗಿ ಓಡುತ್ತದಲ್ಲ ಎಂದು ಥ್ರಾಟಲ್ ಮುಂದೆ ತಳ್ಳಿದರೆ ಡೀಸೆಲ್ ಮಾತ್ರ ಸಲೀಸು ಬಿಡುವುದಿಲ್ಲ.

ಹೊರಡುವ ವಾರ ಮೊದಲು ಫುಕೆಟ್ ಪಕ್ಕದ ಫಾಂಗ್ಙಾ ಕೊಲ್ಲಿಯಲ್ಲಿ ಎರಡು ದಿನ ಬರೀ ಇದನ್ನೇ ಅಳೆದೆವು. ಒಂದೊಂದು ಆರ್‌ಪಿಎಂನಲ್ಲಿ ಅರ್ಧ ಗಂಟೆ ಹೋಗುವುದು, ಅದೇ ಗೆರೆಯಲ್ಲಿ ಅರ್ಧ ಗಂಟೆ ಹಿಂದೆ ಬರುವುದು, ನೀರಿನ ಸೆಳೆತ ಸರಿಹೋಗಲಿ ಎಂದು. 2,600 ಆರ್‌ಪಿಎಂಗೆ 16 ನಾಟ್ ಬಂತು, ಗಂಟೆಗೆ 92 ಲೀಟರ್ ಕುಡಿಯಿತು, ಅಂದರೆ ಮೈಲೊಂದಕ್ಕೆ ಐದೂಮುಕ್ಕಾಲು ಲೀಟರ್. 1,800ಕ್ಕೆ 9.2 ನಾಟ್, 31 ಲೀಟರ್. 1,400ಕ್ಕೆ 7 ನಾಟ್, ಎರಡೂ ಎಂಜಿನ್ ಸೇರಿ 14 ಲೀಟರ್. ಎರಡು ಲೀಟರಿಗೆ ಒಂದು ಮೈಲು. ಒಂದೇ ಎಂಜಿನ್ನಿನಲ್ಲಿ 6 ನಾಟ್, ಗಂಟೆಗೆ ಒಂಬತ್ತೂವರೆ ಲೀಟರ್. 16 ನಾಟ್‌ನಲ್ಲಿ ಹೊರಟಿದ್ದರೆ ಟ್ಯಾಂಕು 350 ಮೈಲಿನ ಹತ್ತಿರ ಬರಿದಾಗುತ್ತಿತ್ತು, ನಿಕೋಬಾರ್ ದಾಟಿ ಇನ್ನೇನು ಬಂಗಾಳ ಕೊಲ್ಲಿ ತೆರೆದುಕೊಳ್ಳುವ ಜಾಗದಲ್ಲಿ. ಕಂಪನಿ ಕೊಟ್ಟ ಪುಸ್ತಕದ ಅಂಕಿ ನಂಬಿ ಯಾರೂ ಹೊರಡಬಾರದು. ಆ ಅಂಕಿ ಖಾಲಿ ಬೋಟಿನದು. ನಿಮ್ಮ ನೀರು, ಸಾಮಾನು, ಬಿಡಿಭಾಗ ಎಲ್ಲ ತುಂಬಿದ ಮೇಲೆ ನೀವೇ ಅಳೆದದ್ದು ಮಾತ್ರ ನಿಮ್ಮ ಅಂಕಿ.

1,100 ಮೈಲಿಗೆ 2,200 ಲೀಟರ್, ಮೇಲೆ ಕಾಲು ಭಾಗ ಕೈಗಾವಲು. ಟ್ಯಾಂಕಿನ 2,000 ಸಾಲದು. ಹಿಂದಿನ ಡೆಕ್‌ನಲ್ಲಿ ತಲಾ 400 ಲೀಟರಿನ ಎರಡು ರಬ್ಬರ್ ಚೀಲ ಬಿಗಿದೆವು. ಕ್ಯಾಟಮರಾನ್ ಭಾರ ತಾಳುವ ಜಾತಿಯಲ್ಲ. ನಮ್ಮದು ಸುಮಾರು 260 ಕೆಜಿಗೆ ಒಂದು ಸೆಂಟಿಮೀಟರ್ ಮುಳುಗುತ್ತಿತ್ತು. ಲೀಟರ್ ಡೀಸೆಲ್ ಸುಮಾರು 840 ಗ್ರಾಂ, ಹಾಗಾಗಿ ಚೀಲಗಳೆರಡೇ ಎರಡೂವರೆ ಸೆಂಟಿಮೀಟರ್ ಇಳಿಸಿದವು. ಎರಡು ಹಲ್ ನಡುವಿನ ಸೇತುವೆಯ ತಳ ನೀರಿಗೆ ಅಷ್ಟು ಹತ್ತಿರ ಬಂತು. ಭಾವ ತಂದಿದ್ದ ಎರಡು ಪೆಟ್ಟಿಗೆ ಉಪಕರಣವನ್ನು ದೊಡ್ಡಪ್ಪ ಬಿಡಿಸಿ ನೋಡಿ ಅರ್ಧ ದಡದಲ್ಲೇ ಬಿಡಿಸಿದರು. ಕೋರಿರೊಟ್ಟಿಯ ಕಟ್ಟುಗಳನ್ನು ಮಾತ್ರ ಮುಟ್ಟಲಿಲ್ಲ. ಆ ರೊಟ್ಟಿ ಹಗುರ, ವಾರಗಟ್ಟಲೆ ಕೆಡುವುದಿಲ್ಲ, ಒಲೆ ಹಚ್ಚಲಾಗದ ದಿನ ಉಪ್ಪಿನಕಾಯಿ ರಸಕ್ಕೂ ಆಗುತ್ತದೆ. ಕುಚ್ಚಲಕ್ಕಿ ಬೇಯಲು ಗ್ಯಾಸ್ ಜಾಸ್ತಿ ಬೇಕು. ಅದನ್ನು ಪ್ರೆಶರ್ ಕುಕ್ಕರಿನಲ್ಲಿ ಕೂಗಿಸಿ, ಬಟ್ಟೆ ಸುತ್ತಿ ಪೆಟ್ಟಿಗೆಯೊಳಗೆ ಇಟ್ಟರೆ ತಾನೇ ಅರಳುತ್ತಿತ್ತು.

ಹೊರಟದ್ದು ಜನವರಿ ಕೊನೆಯ ವಾರ. ಈ ದಾರಿಗೆ ಅದೇ ಕಾಲ. ಅಕ್ಟೋಬರಿನಿಂದ ಡಿಸೆಂಬರ್ ತನಕ ಚಂಡಮಾರುತದ ಹೆದರಿಕೆ. 2017ರ ನವೆಂಬರ್ ಕೊನೆಗೆ ಓಖಿ ಎದ್ದದ್ದು ಇದೇ ಕನ್ಯಾಕುಮಾರಿ ಸುತ್ತ. ಜನವರಿಯಲ್ಲಿ ಈಶಾನ್ಯ ಗಾಳಿ ನೆಲೆಗೊಂಡು ಬೆನ್ನಿಗೆ ಬೀಸುತ್ತದೆ. ನನಗೆ ಇನ್ನೂ ಮುಖ್ಯವಾದದ್ದು ನೀರಿನ ಓಟ. ಚಳಿಗಾಲದಲ್ಲಿ ಶ್ರೀಲಂಕಾದ ತೆಂಕಣಕ್ಕೆ ನೀರು ಪಡುವಣಕ್ಕೆ ಹರಿಯುತ್ತದೆ, ಕನ್ಯಾಕುಮಾರಿ ತಿರುಗಿದ ಮೇಲೆ ನಮ್ಮ ಕರಾವಳಿಯುದ್ದಕ್ಕೂ ಬಡಗಣಕ್ಕೆ. ಎರಡೂ ನಾವು ಹೋಗುವ ಕಡೆಗೇ. ಅರ್ಧ ನಾಟ್ ಅಂದರೆ ಏನೂ ಅಲ್ಲ ಎನ್ನಿಸಬಹುದು. ಆರು ದಿನ ಅರ್ಧ ನಾಟ್ ಅಂದರೆ 72 ಮೈಲು, ನೂರೈವತ್ತು ಲೀಟರಿನಷ್ಟು ಪುಕ್ಕಟೆ.

ಗ್ರೇಟ್ ನಿಕೋಬಾರಿನ ತೆಂಕು ತುದಿ ಬಲಕ್ಕೆ ಬಿಟ್ಟು ಪಶ್ಚಿಮಕ್ಕೆ ಮುಖ ಮಾಡಿದೆವು. ಮೂರು ಗಂಟೆ ಕಾವಲು, ಆರು ಗಂಟೆ ಬಿಡುವು. ಗಾಳಿ ಕಡಿಮೆ ಇದ್ದ ಹೊತ್ತಿನಲ್ಲಿ ಒಂದೇ ಎಂಜಿನ್ ಓಡಿಸಿ, ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ ಬದಲಾಯಿಸುತ್ತಿದ್ದೆವು. ಇದರಲ್ಲೊಂದು ಅಪಾಯವಿದೆ, ತಿಳಿದಿರಬೇಕು. ನಿಂತ ಎಂಜಿನ್ನಿನ ಫ್ಯಾನು (ಪ್ರೊಪೆಲರ್) ನೀರಿನ ಓಟಕ್ಕೆ ತಾನೇ ತಿರುಗುತ್ತದೆ, ಗೇರ್‌ಬಾಕ್ಸಿನೊಳಗಿನ ಶಾಫ್ಟೂ ತಿರುಗುತ್ತದೆ. ಹಲವು ಗೇರ್‌ಬಾಕ್ಸುಗಳಲ್ಲಿ ಎಣ್ಣೆ ಪಂಪು ನಡೆಯುವುದು ಎಂಜಿನ್ ಕಡೆಯಿಂದ. ಎಂಜಿನ್ ನಿಂತರೆ ಬೇರಿಂಗಿಗೆ ಎಣ್ಣೆ ಇಲ್ಲ. ನಮ್ಮದು ಆ ಬಗೆಯದು. ಹಾಗಾಗಿ ನಿಂತ ಕಡೆಯ ಶಾಫ್ಟಿಗೆ ಲಾಕ್ ಹಾಕುತ್ತಿದ್ದೆ. ಲಾಕ್ ಇರುವಾಗ ನಿದ್ದೆಗಣ್ಣಲ್ಲಿ ಯಾರಾದರೂ ಸ್ಟಾರ್ಟ್ ಮಾಡಿ ಗೇರು ಹಾಕಿದರೆ ಕಥೆ ಮುಗಿಯಿತು. ಅದಕ್ಕೆ ಲಾಕ್ ಹಾಕಿದ ಕಡೆಯ ಕೀಗೆ ದೊಡ್ಡಪ್ಪನ ಕೆಂಪು ಬೈರಾಸಿನ (ಟವೆಲಿನ) ಒಂದು ತುಂಡು ಕಟ್ಟುವುದು, ಲಾಕ್ ತೆಗೆದವನೇ ಆ ತುಂಡನ್ನೂ ಬಿಚ್ಚುವುದು ಎಂದು ನಿಯಮ ಮಾಡಿಕೊಂಡೆವು. ನಿಧಾನ ಓಡುವ ಡೀಸೆಲ್ ಎಂಜಿನ್ ಒಳಗೆ ಮಸಿ ಕಟ್ಟುತ್ತದೆ. ದಿನಕ್ಕೊಮ್ಮೆ ಇಪ್ಪತ್ತು ನಿಮಿಷ ಚೆನ್ನಾಗಿ ಏರಿಸಿ ಉಸಿರಾಡಲು ಬಿಡಬೇಕು.

ಮೂರನೆಯ ರಾತ್ರಿ, ಎರಡು ಗಂಟೆ. ನಾನು ಮಲಗಿದ್ದೆ, ಎಚ್ಚರವಾದದ್ದು ಸದ್ದಿಗೆ. ಬಲಗಡೆಯ ಎಂಜಿನ್ ಶ್ರುತಿ ತಪ್ಪಿತ್ತು. ಏರುವುದು, ಇಳಿಯುವುದು, ಮತ್ತೆ ಏರುವುದು. ಓಡಿ ಇಳಿದು ನೋಡಿದರೆ ಫಿಲ್ಟರಿನ ವ್ಯಾಕ್ಯೂಮ್ ಮುಳ್ಳು ಕೆಂಪಿನಲ್ಲಿತ್ತು. ಎಂಜಿನ್ ಡೀಸೆಲ್ ಎಳೆಯುತ್ತಿದೆ, ಬರುತ್ತಿಲ್ಲ. ನಮ್ಮಲ್ಲಿ ಒಂದೊಂದು ಎಂಜಿನ್ನಿಗೆ ಡೀಸೆಲ್ ಸೋಸುವ ಜೋಡಿ ರಾಕರ್ ಫಿಲ್ಟರ್ ಇತ್ತು. ಸನ್ನೆ ತಿರುಗಿಸಿ ಇನ್ನೊಂದಕ್ಕೆ ದಾಟಿಸಿದೆ, ಸದ್ದು ನಿಮಿಷದಲ್ಲಿ ಸರಿಯಾಯಿತು. ಮುಚ್ಚಳ ತೆರೆದು ಕಾಗದದ ಎಲಿಮೆಂಟ್ ಹೊರಗೆಳೆದರೆ ಮಡಿಕೆ ಮಡಿಕೆಗೂ ಕಂದು ಲೋಳೆ, ಕೆಳಗಿನ ಗಾಜಿನ ಬಟ್ಟಲಿನಲ್ಲಿ ಅರ್ಧ ಇಂಚು ನೀರು. ಡೀಸೆಲ್ ಒಳಗೆ ನೀರು ಸೇರಿದರೆ ಎರಡೂ ತಾಗುವ ಗೆರೆಯಲ್ಲಿ ಸೂಕ್ಷ್ಮಜೀವಿ ಹುಟ್ಟುತ್ತದೆ, ಸತ್ತು ತಳ ಸೇರುತ್ತದೆ, ಅಲೆ ಕದಡಿದಾಗ ಮೇಲೇಳುತ್ತದೆ. ಆ ಸಂಜೆಯೇ ಮೊದಲ ರಬ್ಬರ್ ಚೀಲದ ಡೀಸೆಲನ್ನು ಟ್ಯಾಂಕಿಗೆ ಇಳಿಸಿದ್ದೆ. ಚೀಲದ ಡೀಸೆಲ್ ಬೇರೆ ಕಡೆಯಿಂದ ಕೊಂಡದ್ದು, ಕೊನೆಯ ದಿನದ ಗಡಿಬಿಡಿಯಲ್ಲಿ. ಗಾಜಿನ ಬಾಟಲಿಯಲ್ಲಿ ಒಂದು ರಾತ್ರಿ ನಿಲ್ಲಿಸಿ ನೋಡಿದ್ದರೆ ನೀರು ತಳದಲ್ಲಿ ಕಾಣುತ್ತಿತ್ತು. ನೋಡಲಿಲ್ಲ. ಆ ತಪ್ಪು ನನ್ನದು, ಈಗ ಯಾವ ಬಂದರಿನಲ್ಲೂ ಆ ಬಾಟಲಿ ಇಲ್ಲದೆ ಪೈಪು ಹಾಕಿಸುವುದಿಲ್ಲ.

ಅಲ್ಲಿಂದ ಎರಡು ದಿನ ಐದೈದು ಗಂಟೆಗೊಮ್ಮೆ ಎಲಿಮೆಂಟ್ ಬದಲು. ತಂದದ್ದು 24, ಗಾಲೆ ಮುಟ್ಟುವಾಗ ಉಳಿದದ್ದು 7. ಎರಡನೆಯ ಚೀಲವನ್ನು ಭಾವ ಕೈಪಂಪಿನಲ್ಲಿ, ಒಂದು ಬಿಡಿ ಫಿಲ್ಟರ್ ಮೂಲಕ, ಹಗಲಿನಲ್ಲಿ ಮಾತ್ರ, ಹನಿ ಹನಿಯಾಗಿ ಇಳಿಸಿದ. ನಡುಗಡಲಿನಲ್ಲಿ ಬೋಟು ನಿಲ್ಲಿಸುವುದು ಎಂಜಿನ್ನಿಗಿಂತ ಹೆಚ್ಚಾಗಿ ಕೊಳೆತ ಡೀಸೆಲ್.

ಶ್ರೀಲಂಕಾದ ದೊಂಡ್ರಾ ತುದಿಯ ತೆಂಕಣಕ್ಕೆ ಜಗತ್ತಿನ ದೊಡ್ಡ ಹಡಗುದಾರಿಗಳಲ್ಲಿ ಒಂದಿದೆ. ರಾತ್ರಿ, ಸುತ್ತಲಿನ ಹಡಗುಗಳನ್ನು ತೋರಿಸುವ ಎಐಎಸ್ ಪರದೆಯಲ್ಲಿ ಹಡಗುಗಳು ಇರುವೆ ಸಾಲಿನಂತೆ. ಏಳು ನಾಟ್‌ನ ನಾವು ಅದನ್ನು ಹಗಲಿನಲ್ಲಿ, ನೇರ ಅಡ್ಡಕ್ಕೆ ದಾಟುವ ಹಾಗೆ ಗಂಟೆ ಹೊಂದಿಸಿಕೊಂಡೆವು. ಗಾಲೆ ಸೇರಿದಾಗ 158 ಗಂಟೆ ಆಗಿತ್ತು, ಸುಟ್ಟದ್ದು ಜನರೇಟರ್ ಸೇರಿ 1,850 ಲೀಟರ್. ಉಳಿದ 950ಕ್ಕೆ 700 ಸೇರಿಸಿದೆವು, ಈ ಸಲ ಬಾಟಲಿ ಹಿಡಿದು.

ಮುಂದಿನ 550 ಮೈಲು ದೂರದಲ್ಲಿ ಅರ್ಧ, ಮೈಕೈ ನೋವಿನಲ್ಲಿ ದುಪ್ಪಟ್ಟು. ಅಲ್ಲಿಯ ತನಕ ಅಲೆ ಬೆನ್ನಿಗಿತ್ತು. ಮನ್ನಾರ್ ಕೊಲ್ಲಿಯ ಬಾಯಿಯಲ್ಲಿ ಈಶಾನ್ಯ ಗಾಳಿ ನುಗ್ಗಿ ಬರುತ್ತದೆ, ಅಲೆ ನೇರ ಪಕ್ಕಕ್ಕೆ. ಕ್ಯಾಟಮರಾನ್ ಪಕ್ಕದ ಅಲೆಗೆ ತೂಗುವುದಿಲ್ಲ, ಜಾಡಿಸುತ್ತದೆ. ಒಂದು ಹಲ್ ಅಲೆಯ ಮೇಲೆ, ಇನ್ನೊಂದು ತಗ್ಗಿನಲ್ಲಿ, ತಟಕ್ಕನೆ ಅದಲುಬದಲು. ಲೋಟ ನಿಲ್ಲುತ್ತದೆ, ಮನುಷ್ಯನ ಕುತ್ತಿಗೆ ನಿಲ್ಲುವುದಿಲ್ಲ. ದೊಡ್ಡಪ್ಪ ದಾರಿಯನ್ನು ಇಪ್ಪತ್ತೈದು ಡಿಗ್ರಿ ಎಡಕ್ಕೆ ಬಿಟ್ಟು ಅಲೆಯನ್ನು ಹಿಂಬದಿಯ ಮೂಲೆಗೆ ತಂದರು. ದೂರ ಸ್ವಲ್ಪ ಹೆಚ್ಚಿತು, ಅನ್ನ ಹೊಟ್ಟೆಯಲ್ಲಿ ಉಳಿಯಿತು. ಕೇರಳದ ಉದ್ದಕ್ಕೆ ಮಧ್ಯಾಹ್ನವಾದರೆ ವಾಯುವ್ಯದ ಗಾಳಿ ಎದುರಿಗೆ. ಗಿಡ್ಡ ಅಲೆ ಎರಡು ಹಲ್ ನಡುವೆ ಸಿಕ್ಕಿ ಸೇತುವೆಯ ತಳಕ್ಕೆ ಗುದ್ದುತ್ತದೆ. ಕಾಲಡಿಯ ನೆಲಕ್ಕೆ ಕೆಳಗಿನಿಂದ ಯಾರೋ ಒನಕೆಯಲ್ಲಿ ಕುಟ್ಟಿದ ಹಾಗೆ, ಕಪಾಟಿನ ಬಾಗಿಲು ತೆರೆದುಕೊಳ್ಳುತ್ತದೆ. ಅದಕ್ಕೆ ಮದ್ದು ಒಂದೇ, ಐದು ನಾಟ್‌ಗೆ ಇಳಿಸಿ ಕತ್ತಲಾಗುವುದನ್ನು ಕಾಯುವುದು. ಸಂಜೆಯ ನಂತರ ಗಾಳಿ ಸತ್ತು ಕಡಲು ಎಣ್ಣೆಯಾಗುತ್ತಿತ್ತು, ಆಗ ಹೊಡೆಯಬೇಕು ಮೈಲು.

ಕನ್ಯಾಕುಮಾರಿ ಎದುರಿನ ವೆಡ್ಜ್ ಬ್ಯಾಂಕ್ ಎಂಬ ಮೀನಿನ ನೆಲೆಯಿಂದ ಮುಂದೆ ಬಲೆಗಳದ್ದೇ ಚಿಂತೆ. ಒಂದೇ ಎಂಜಿನ್ ಆಟ ಅಲ್ಲಿ ಬಿಟ್ಟೆವು. ಒಂದು ಫ್ಯಾನಿಗೆ ಬಲೆ ಸುತ್ತಿದರೆ ಇನ್ನೊಂದು ಕೂಡಲೇ ಕೈಗೆ ಸಿಗಬೇಕು. ರಾಡಾರಿಗೆ ಕಾಣದ ಬಲೆಯ ಬಾವುಟವನ್ನು ದೊಡ್ಡಪ್ಪ ಬರಿಗಣ್ಣಲ್ಲಿ ಹೇಳುತ್ತಿದ್ದರು. ಒಂದು ರಾತ್ರಿ ಕಾವಲಿನಲ್ಲಿ ಅವರು ಸುವರ್ಣ ತ್ರಿಭುಜದ ಮಾತು ತೆಗೆದರು. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಏಳು ಜನರನ್ನು ಹೊತ್ತು ಹೋದ ಬೋಟು. ಅವಶೇಷ ಸಿಕ್ಕಿದ್ದು ಮರುವರ್ಷ ಮೇನಲ್ಲಿ, ಮಹಾರಾಷ್ಟ್ರದ ಮಾಲ್ವಣದ ಕಡಲಿನಲ್ಲಿ. ಬಾಗಿಲ ಪಕ್ಕ ನೇತುಹಾಕಿದ್ದ ಇಪಿಆರ್‌ಬಿಯನ್ನು, ಅಪಾಯದ ಸಂಕೇತ ಕಳಿಸುವ ಪೆಟ್ಟಿಗೆಯನ್ನು, ತೋರಿಸಿ ಇದು ಹೇಗೆ ಕೆಲಸ ಮಾಡುತ್ತದೆ ಎಂದು ಕೇಳಿದರು. ನೀರಿಗೆ ಬಿದ್ದರೆ 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ಕೂಗುತ್ತದೆ, ನಮ್ಮ ದೇಶದ ಕೇಂದ್ರ ಬೆಂಗಳೂರಿನಲ್ಲೇ ಇದೆ, ಅಲ್ಲಿಂದ ಕೋಸ್ಟ್ ಗಾರ್ಡಿಗೆ ಸುದ್ದಿ ಹೋಗುತ್ತದೆ ಅಂದೆ. ಅದನ್ನು ಕೈಯಲ್ಲಿ ತೂಗಿ ನೋಡಿದರು. ಇಷ್ಟೇ ಭಾರವಾ ಅಂದರು, ಮತ್ತೆ ಮಾತಾಡಲಿಲ್ಲ. ಇನ್ನೊಂದು ಮಾತು, ಈ ದಾರಿ ಹಿಡಿಯುವವರಿಗೆ: ಥುರಾಯ, ಇರಿಡಿಯಂ ಉಪಗ್ರಹ ಫೋನುಗಳನ್ನು ಭಾರತದ ಕಡಲಿನಲ್ಲಿ ಅನುಮತಿ ಇಲ್ಲದೆ ಬಳಸುವಂತಿಲ್ಲ. ಇಪಿಆರ್‌ಬಿಗೆ ಆ ತೊಡಕಿಲ್ಲ, ಆದರೆ ನೋಂದಣಿ ಮಾಡಿಸಿಯೇ ಹೊರಡಿ.

ನಾಲ್ಕನೆಯ ಬೆಳಿಗ್ಗೆ ಬೆಳಕು ಹರಿಯುವಾಗ ಉಳ್ಳಾಲದ ತೆಂಗಿನ ಗೆರೆ. ಅಳಿವೆ ಬಾಗಿಲಿನಿಂದ ಟ್ರಾಲ್ ಬೋಟುಗಳು ಒಂದರ ಹಿಂದೊಂದು ಹೊರಗೆ ಬರುತ್ತಿದ್ದವು. ದೊಡ್ಡಪ್ಪ ವಿಎಚ್‌ಎಫ್ ರೇಡಿಯೋ ಹಿಡಿದು ತುಳುವಿನಲ್ಲಿ ಮಾತಿಗೆ ಇಳಿದರು. ನಾವು ಅಳಿವೆಗೆ ಹೋಗದೆ ಪಣಂಬೂರಿನ ಹೊಸ ಬಂದರಿಗೆ ಏರಿದೆವು, ಕಸ್ಟಮ್ಸ್ ಕಾಗದ ಅಲ್ಲೇ ಆಗಬೇಕು.

ಹಗ್ಗ ಕಟ್ಟಿ ಎಂಜಿನ್ ಆರಿಸಿದ ಮೇಲೆ ಅಳತೆಕೋಲು ತಂದೆ. ಗೇಜನ್ನು ನಾವು ಯಾರೂ ನಂಬಿರಲಿಲ್ಲ, ಆರು ಗಂಟೆಗೊಮ್ಮೆ ಕೋಲು ಇಳಿಸಿ ಬರೆಯುತ್ತಿದ್ದದ್ದು ದೊಡ್ಡಪ್ಪನೇ. ಎಡ ಟ್ಯಾಂಕು 310, ಬಲ 330. ಅವರು ಕನ್ನಡಕ ಹಾಕಿಕೊಂಡು ಎರಡನ್ನೂ ಕೂಡಿಸಿ 640 ಎಂದು ಬರೆದರು, ಕೆಳಗೆ ಗೆರೆ ಎಳೆದು, ಕೋಲನ್ನು ಬೈರಾಸಿನಿಂದ ಒರೆಸಿ ನನ್ನ ಕೈಗೆ ಕೊಟ್ಟರು.