ಕರಾವಳಿಯ ಸೆಕೆಗೆ 20 ಕೆಜಿ ಐಸು, ಒಂದು ಹಳೆ ರೇಡಿಯೇಟರು: ನನ್ನ ಅನುಭವ

ಉಡುಪಿ, ಮಂಗಳೂರು ಕಡೆ ಕೂಲರ್ ಎಂದರೆ ಜನ ನಗುತ್ತಾರೆ. ನಗುವುದರಲ್ಲಿ ತಪ್ಪೂ ಇಲ್ಲ. ಕಲಬುರಗಿಯ 42 ಡಿಗ್ರಿಯ ಒಣ ಗಾಳಿಯನ್ನು ಕೂಲರಿನ ಒದ್ದೆ ಪ್ಯಾಡು ಹತ್ತು-ಹನ್ನೆರಡು ಡಿಗ್ರಿ ಇಳಿಸಿಬಿಡುತ್ತದೆ. ಇಲ್ಲಿಯ 33 ಡಿಗ್ರಿಯ ಗಾಳಿ ಮೊದಲೇ ಹೊಟ್ಟೆ ತುಂಬ ನೀರು ಕುಡಿದು ಬಂದಿರುತ್ತದೆ. ಅದಕ್ಕೆ ಇನ್ನಷ್ಟು ಕುಡಿಸಿದರೆ ಸಿಗುವುದು ಅಂಟುವ ಮೈ, ಬೂಸಲು ಹಿಡಿದ ಬಟ್ಟೆ. ಟ್ಯಾಂಕಿಗೆ ಐಸು ಸುರಿದರಾಯಿತಲ್ಲ ಎನ್ನುವವರಿದ್ದಾರೆ. ಪ್ಯಾಡಿನ ಕೂಲರಿಗೆ 10 ಕೆಜಿ ಐಸು ಹಾಕಿದರೆ ತಂಪು ಕಾಲು ಗಂಟೆ, ಬಹಳವೆಂದರೆ ಇಪ್ಪತ್ತು ನಿಮಿಷ. ಆಮೇಲೆ ಪುನಃ ಅದೇ ಸೆಕೆ, ಜೊತೆಗೆ ಬೆವರುವ ಗೋಡೆ.

ಆದರೆ ಇದರಿಂದ ಐಸಿನ ಕೂಲರೇ ಇಲ್ಲಿ ಆಗದ ಮಾತು ಎಂದು ತೀರ್ಮಾನಿಸುವುದು ಸರಿಯಲ್ಲ. ಇಲ್ಲಿ ಒಂದೇ ಶಿಸ್ತು ಬೇಕು: ಐಸಿನ ನೀರು ಕೋಣೆಯ ಗಾಳಿಗೆ ಮುಖ ತೋರಿಸಬಾರದು. ನೀರು ಕೊಳವೆಯೊಳಗೇ ಓಡಾಡಬೇಕು, ಗಾಳಿ ಹೊರಗಿಂದ ತಣ್ಣನೆಯ ಲೋಹವನ್ನು ಮುಟ್ಟಿಕೊಂಡು ಹೋಗಬೇಕು. ಆಗ ಗಾಳಿ ತಣ್ಣಗಾಗುವುದಷ್ಟೇ ಅಲ್ಲ, ತನ್ನ ನೀರನ್ನೂ ಲೋಹದ ಮೇಲೆ ಬಿಟ್ಟುಹೋಗುತ್ತದೆ. ಸೆಕೆಯಲ್ಲಿ ಅರ್ಧ ಸುಖ ಇರುವುದೇ ಆ ಒಣಗುವಿಕೆಯಲ್ಲಿ. ಕಾರಿನ ಹಳೆ ರೇಡಿಯೇಟರಿನಿಂದ (ಎಂಜಿನ್ನಿನ ನೀರು ತಣಿಸುವ, ರೆಕ್ಕೆಗಳಿರುವ ಲೋಹದ ಜಾಲರಿ) ಹೀಗೆ ಮಾಡಿದ ನನ್ನ ವ್ಯವಸ್ಥೆ ಈಗ ಮೂರನೇ ಬೇಸಿಗೆ ಓಡುತ್ತಿದೆ. ತಗಲಿದ್ದು ಸುಮಾರು 1,800 ರೂಪಾಯಿ. ಅಲ್ಲಿಗೆ ತಲುಪುವ ಮೊದಲು ಹಾಳಾದ ಹಣ ಅದರ ಎರಡು ಪಟ್ಟಿಗಿಂತ ಹೆಚ್ಚು. ಆದ್ದರಿಂದ ಹಾಳಾದದ್ದರಿಂದಲೇ ಶುರು ಮಾಡುತ್ತೇನೆ.

ಮೊದಲನೆಯದು, ಎಲ್ಲರೂ ವಿಡಿಯೊ ನೋಡಿ ಮಾಡುವ ಥರ್ಮಾಕೋಲ್ ಡಬ್ಬಿ: ಮುಚ್ಚಳದಲ್ಲಿ ಒಂದು ಫ್ಯಾನು, ಬದಿಯಲ್ಲಿ ಎರಡು ಪಿವಿಸಿ ಎಲ್ಬೋ (ಬಾಗಿದ ಕೊಳವೆ ತುಂಡು), ಒಳಗೆ ಐಸು. ಫ್ಯಾನಿನ ಗಾಳಿ ಐಸನ್ನು ಸರಿಯಾಗಿ ಮುಟ್ಟುವುದೇ ಇಲ್ಲ, ಮೇಲಿಂದ ಮೇಲೇ ಜಾರಿ ಎಲ್ಬೋದಿಂದ ಹೊರಬೀಳುತ್ತದೆ. ಮುಖ ಹತ್ತಿರ ಇಟ್ಟರೆ ತಂಪು, ಎರಡು ಅಡಿ ದೂರ ಸರಿದರೆ ಏನೂ ಇಲ್ಲ. ಐಸು ಕರಗಿ ನೀರು ಬೆಚ್ಚಗಾದ ಮೇಲೆ ಅದೂ ಪ್ಯಾಡಿನ ಕೂಲರೇ ಆಗಿಬಿಡುತ್ತದೆ. ಮೀನಿನ ಡಬ್ಬಿಯಾದರಂತೂ ಇಡೀ ಕೋಣೆ ಬಂಗುಡೆ ವಾಸನೆ, ಹೇಳುವುದೇ ಬೇಡ.

ಎರಡನೆಯದು ತಾಮ್ರದ ಸುರುಳಿ. ಕಾಲು ಇಂಚಿನ ತಾಮ್ರದ ಕೊಳವೆಯನ್ನು ಟೇಬಲ್ ಫ್ಯಾನಿನ ಜಾಲರಿಗೆ ಸುತ್ತುವುದು. ಸುಮಾರು 10 ಮೀಟರಿಗೆ ಹತ್ತಿರ ಹತ್ತಿರ 1,500 ರೂಪಾಯಿ. ನೋಡಲು ಚಂದ, ಹನಿ ಹನಿಯಾಗಿ ಬೆವರುತ್ತದೆ, ನೋಡಿದವರೆಲ್ಲ ಹೌದಪ್ಪಾ ಎನ್ನುತ್ತಾರೆ. ಥರ್ಮಾಮೀಟರ್ ಹಿಡಿದರೆ ಗಾಳಿ ಒಂದು ಡಿಗ್ರಿಯೂ ಇಳಿದಿಲ್ಲ. ಅಷ್ಟುದ್ದದ ಕೊಳವೆಯ ಮೈ ಸೇರಿಸಿದರೆ ಎರಡು ಚದರಡಿ ಚಿಲ್ಲರೆ. ಕಾರಿನ ರೇಡಿಯೇಟರಿನ ರೆಕ್ಕೆಗಳದ್ದು ಅದರ ಹತ್ತು ಪಟ್ಟಿಗೂ ಮೇಲೆ. ಆ ತಾಮ್ರವನ್ನು ಗುಜರಿಗೆ ಕೊಟ್ಟು ಅಲ್ಲಿಂದಲೇ ರೇಡಿಯೇಟರು ತಂದದ್ದು, ನಷ್ಟ ಸ್ವಲ್ಪ ಕಡಿಮೆಯಾಯಿತು.

ಮೂರನೆಯದು ದೊಡ್ಡ ಫ್ಯಾನಿನ ಆಸೆ. ರೇಡಿಯೇಟರಿಗೆ 12 ಇಂಚಿನ ಎಕ್ಸಾಸ್ಟ್ ಫ್ಯಾನು ಕಟ್ಟಿದರೆ ಗಾಳಿ ಭರ್ಜರಿ, 20 ಕೆಜಿ ಐಸು ಗಂಟೆ ಒಂದೂವರೆಯಲ್ಲಿ ಮುಗಿಯುತ್ತದೆ. ಇಲ್ಲಿ ಒಂದು ಲೆಕ್ಕ ಹೇಳಲೇಬೇಕು, ಇಡೀ ಕೋಣೆಯ ಆಸೆ ಬಿಡಿಸಿದ್ದು ಅದೇ. ಎ.ಸಿ.ಗೆ ಹೇಳುವ ‘ಒಂದು ಟನ್’ ಬಂದದ್ದೇ ಐಸಿನಿಂದ: ದಿನಕ್ಕೆ ಒಂದು ಅಮೆರಿಕನ್ ಟನ್, ಅಂದರೆ 907 ಕೆಜಿ ಐಸು ಕರಗುವಾಗ ಎಳೆದುಕೊಳ್ಳುವಷ್ಟು ಶಾಖ. ಗಂಟೆಗೆ ಸುಮಾರು 38 ಕೆಜಿ. ಹಾಗಾಗಿ 20 ಕೆಜಿ ಐಸೆಂದರೆ ಒಂದು ಟನ್ನಿನ ಎ.ಸಿ.ಯ ಅರ್ಧ ಗಂಟೆಯ ಕೆಲಸ, ಅಷ್ಟೇ. ಹಗಲಿಡೀ ಕಾದ ಆರ್‌ಸಿಸಿ ಚಾವಣಿಯ ಕೆಳಗೆ ಆ ಐಸಿನಿಂದ ಕೋಣೆ ತಣ್ಣಗೆ ಮಾಡುತ್ತೇನೆಂದು ಹೊರಡುವುದು ಹೊಳೆಗೆ ಹುಣಸೆಹಣ್ಣು ಕಿವುಚಿದ ಹಾಗೆ. ಮಂಚವನ್ನು ಮಾತ್ರ ತಣ್ಣಗೆ ಮಾಡಬೇಕು.

ಈಗ ನಡೆಯುತ್ತಿರುವ ವ್ಯವಸ್ಥೆಗೆ ಬರುತ್ತೇನೆ.

ರೇಡಿಯೇಟರು ಮಾರುತಿ 800ನದ್ದು, ಗುಜರಿಯಲ್ಲಿ 450 ಕೊಟ್ಟ ನೆನಪು. ಓಮ್ನಿಯದ್ದೂ ಆಗುತ್ತದೆ. ಹಳೆಯ ತಾಮ್ರದ್ದು ಒಳ್ಳೆಯದು, ಆದರೆ ಗುಜರಿಯವರು ಅದಕ್ಕೆ ತಾಮ್ರದ ತೂಕದ ರೇಟು ಹೇಳುತ್ತಾರೆ. ಅಲ್ಯೂಮಿನಿಯಮ್ಮಿನದ್ದು ಧಾರಾಳ ಸಾಕು. ತರುವ ಮೊದಲು ಒಂದು ಬಾಯಿ ಮುಚ್ಚಿ, ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ, ಇನ್ನೊಂದು ಬಾಯಿಗೆ ಸೈಕಲ್ ಪಂಪಿನಿಂದ ಗಾಳಿ ಕೊಟ್ಟು ಗುಳ್ಳೆ ನೋಡಿ. ಒಳಗಿನ ಹಳೆ ಕೂಲೆಂಟ್ (ಎಂಜಿನ್ ತಣಿಸುವ ದ್ರವ) ವಿಷ, ಅದನ್ನು ಬಾವಿಯ ಹತ್ತಿರ, ದನ-ನಾಯಿ ಓಡಾಡುವಲ್ಲಿ ಚೆಲ್ಲಬೇಡಿ. ಬಿಸಿನೀರಿಗೆ ಸೋಪಿನ ಹುಡಿ ಹಾಕಿ ನಾಲ್ಕೈದು ಸಲ ಕುಲುಕಿದರೆ ತುಕ್ಕಿನ ಕೆಂಪು ಹೋಗುತ್ತದೆ. ಬದಿಯಲ್ಲಿ ಫ್ಯಾನ್ ಸ್ವಿಚ್ಚಿನ ತೂತಿದ್ದರೆ ಅದನ್ನು ಹಳೆಯ ಸ್ವಿಚ್ಚಿನಿಂದಲೇ ಮುಚ್ಚಿ, ಬೇರೆ ಬಿರಡೆ ಹುಡುಕುವ ಕೆಲಸವಿಲ್ಲ.

ಪಂಪು 12 ವೋಲ್ಟಿನ ಸಣ್ಣದು, ಗಂಟೆಗೆ 240 ಲೀಟರಿನದ್ದು, 5 ವ್ಯಾಟೂ ಇಲ್ಲ. ಎಲ್ಲರೂ ಕೈಗೆ ಸಿಗುವ 18 ವ್ಯಾಟಿನ ಕೂಲರ್ ಪಂಪು ಹಾಕುತ್ತಾರೆ, ನಾನೂ ಒಂದು ಬೇಸಿಗೆ ಹಾಕಿದೆ. ಅದರ ತೊಂದರೆ ಎರಡು. ಐಸಿನ ನೀರಿನಲ್ಲೇ ಕೂತು ಆ 18 ವ್ಯಾಟನ್ನೂ ಶಾಖವಾಗಿ ಕಕ್ಕುತ್ತದೆ. ಆರು ಗಂಟೆಗೆ ಒಂದು ಕೆಜಿಗೂ ಹೆಚ್ಚು ಐಸು ಪಂಪೇ ತಿಂದುಹಾಕುತ್ತದೆ. ಎರಡನೆಯದು ಕರೆಂಟಿನ ಭಯ: 230 ವೋಲ್ಟು, ನೀರು, ಲೋಹದ ರೇಡಿಯೇಟರು, ಪಕ್ಕದಲ್ಲಿ ಮಲಗಿದ ಮನುಷ್ಯ. ಅರ್ತಿಂಗೂ 30 ಮಿಲಿಆಂಪಿನ ಆರ್‌ಸಿಸಿಬಿಯೂ (ಕರೆಂಟು ಸೋರಿದ ಕೂಡಲೇ ಕಡಿಯುವ ಸ್ವಿಚ್ಚು) ಇಲ್ಲದ ಮನೆಯಲ್ಲಿ ಅದನ್ನು ಮಾಡಲೇಬೇಡಿ. 12 ವೋಲ್ಟಿಗೆ ಬಂದರೆ ಈ ತಲೆನೋವು ಅಡಾಪ್ಟರಿನಲ್ಲೇ ನಿಲ್ಲುತ್ತದೆ. ಅಡಾಪ್ಟರು ಮಾತ್ರ ನೀರಿನಿಂದ ದೂರ, ಎತ್ತರದಲ್ಲಿರಲಿ.

ಫ್ಯಾನು ಎರಡು, ಕಂಪ್ಯೂಟರ್ ಕ್ಯಾಬಿನೆಟ್ಟಿನ 12 ಸೆಂಟಿಮೀಟರಿನವು. ಇವನ್ನು ರೇಡಿಯೇಟರಿಗೆ ನೇರ ಅಂಟಿಸಿದರೆ ಫ್ಯಾನಿನ ಎದುರಿನ ಭಾಗ ಮಾತ್ರ ಕೆಲಸ ಮಾಡುತ್ತದೆ. ನಡುವೆ ಮೂರು ಇಂಚು ಜಾಗ ಬಿಟ್ಟು ಪ್ಲೈವುಡ್ಡಿನ ಪೆಟ್ಟಿಗೆ ಕಟ್ಟಿ, ಗಾಳಿಯನ್ನು ರೇಡಿಯೇಟರಿನ ಮೂಲಕ ಎಳೆಯುವಂತೆ ಫ್ಯಾನು ತಿರುಗಿಸಿ. ಅಂಚುಗಳಲ್ಲಿ ಎಲ್ಲೂ ಸಂದು ಇರಬಾರದು, ಗಾಳಿ ಕಳ್ಳದಾರಿ ಹುಡುಕುವುದರಲ್ಲಿ ಬಹಳ ಜಾಣ. ಸಂದು ಮುಚ್ಚಲು ಸಿಲಿಕಾನ್ ಸಾಕು. ನಾನು ಬಳಸುವುದು ಬೇರೆ, ಅದಕ್ಕೆ ಹತ್ತು ರೂಪಾಯಿಯೂ ಬೀಳುವುದಿಲ್ಲ, ಬೇಕಾದಾಗ ಬಿಚ್ಚಲೂ ಬರುತ್ತದೆ. ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಕೊಳವೆ ಜೋಡಿಸುವಾಗ ನೀರು ರೇಡಿಯೇಟರಿನ ಕೆಳಬಾಯಿಯಿಂದ ಒಳಹೋಗಿ ಮೇಲ್ಬಾಯಿಯಿಂದ ಹೊರಬರಬೇಕು. ಕಾರಿನಲ್ಲಿ ಇರುವುದಕ್ಕೆ ಇದು ಉಲ್ಟಾ. ಮೇಲಿನಿಂದ ಕೊಟ್ಟರೆ ಒಳಗೆ ಗಾಳಿ ಸಿಕ್ಕಿಕೊಂಡು ಅರ್ಧ ರೇಡಿಯೇಟರು ಒಣಗಿಯೇ ಇರುತ್ತದೆ, ಕೈಯಿಟ್ಟು ನೋಡಿದರೆ ಕೂಡಲೇ ಗೊತ್ತಾಗುತ್ತದೆ. ಎತ್ತರ ನೀರಿನ ಮಟ್ಟದಿಂದ ಎರಡು-ಮೂರು ಅಡಿ ಮೀರದಿರಲಿ. ಪಂಪು ನಿಂತಾಗ ರೇಡಿಯೇಟರಿನ ನೀರು ಡಬ್ಬಿಗೆ ವಾಪಸು ಇಳಿಯುತ್ತದೆ, ಆದ್ದರಿಂದ ಡಬ್ಬಿಯನ್ನು ಅಂಚಿನವರೆಗೆ ತುಂಬಬೇಡಿ. ಇದನ್ನು ಮರೆತರೆ ಕರೆಂಟು ಹೋದಾಗಲೆಲ್ಲ ಹಾಸಿಗೆಯ ಕೆಳಗೆ ಕೆರೆ.

ಡಬ್ಬಿ ಥರ್ಮಾಕೋಲಿನದ್ದೇ, 40 ಲೀಟರಿನ ಸುಮಾರಿನದ್ದು, ಮೀನು ಕಾಣದ್ದು. ಒಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸದಿದ್ದರೆ ಒಂದು ವಾರದಲ್ಲಿ ಜಿನುಗಲು ಶುರು. ಪಂಪು ಒಂದು ತುದಿಯ ತಳದಲ್ಲಿ, ವಾಪಸು ಬರುವ ಕೊಳವೆ ಇನ್ನೊಂದು ತುದಿಯ ಮೇಲೆ. ವಾಪಸಿನ ಕೊಳವೆಗೆ ಒಂದು ಅಡಿ ಉದ್ದಕ್ಕೆ ಸಣ್ಣ ತೂತು ಹೊಡೆದು ನೀರು ಐಸಿನ ಮೇಲೆ ಸಿಂಪಡಿಸುವಂತೆ ಮಾಡಿ. ಇದಿಲ್ಲದಿದ್ದರೆ ಬೆಚ್ಚಗಿನ ನೀರು ಐಸಿನ ಪಕ್ಕದಿಂದ ಜಾರಿಕೊಂಡು ಸೀದಾ ಪಂಪಿಗೆ ಬರುತ್ತದೆ. ಡಬ್ಬಿಯ ತುಂಬ ಐಸಿದ್ದರೂ ರೇಡಿಯೇಟರಿಗೆ ಹೋಗುವ ನೀರು 14–15 ಡಿಗ್ರಿ ಇದ್ದದ್ದು ಈ ಕಾರಣಕ್ಕೇ. ತೂತು ಹೊಡೆದ ಮೇಲೆ 5–6ಕ್ಕೆ ಇಳಿಯಿತು. ಶುರುವಿಗೆ ನಾಲ್ಕು ಲೀಟರು ನೀರು, ಪಂಪು ಮುಳುಗುವಷ್ಟು. ಒಣ ಓಡಿದರೆ ಪಂಪು ಸುಟ್ಟಿತೆಂದೇ ಲೆಕ್ಕ.

ಇನ್ನು ಮಂಚ. ತಣ್ಣನೆಯ ಗಾಳಿ ಭಾರ, ಕೆಳಗೇ ನಿಲ್ಲುತ್ತದೆ. ಸೊಳ್ಳೆಪರದೆಯ ನಾಲ್ಕು ಬದಿಗೆ ಹಾಸಿಗೆಯಿಂದ ಎರಡೂವರೆ-ಮೂರು ಅಡಿ ಎತ್ತರಕ್ಕೆ ಹತ್ತಿಯ ಬೆಡ್‌ಶೀಟು ಕಟ್ಟಿ, ಮೇಲ್ಭಾಗ ಬರೀ ಪರದೆಯಾಗಿಯೇ ಇರಲಿ. ಅಂಗಡಿಯಲ್ಲಿ ಮೇಲೆ ತೆರೆದ ಫ್ರೀಜರು ಇರುತ್ತದಲ್ಲ, ಅದೇ ಲೆಕ್ಕ. ಮೈಯ ಬಿಸಿ ಮೇಲೆ ಹೋಗುತ್ತದೆ, ತಂಪು ಒಳಗೆ ಕೂರುತ್ತದೆ, ಉಸಿರಾಟಕ್ಕೂ ಅಡ್ಡಿಯಿಲ್ಲ. ಪ್ಲಾಸ್ಟಿಕ್ ಹಾಳೆಯಿಂದ ಮೇಲೆ ಕೆಳಗೆ ಎಲ್ಲ ಮುಚ್ಚುವ ಹುಚ್ಚು ಬೇಡವೇ ಬೇಡ. ಐಸಿನ ಬದಲು ಡ್ರೈ ಐಸ್ (ಗಟ್ಟಿ ರೂಪದ ಇಂಗಾಲದ ಡೈಆಕ್ಸೈಡ್) ತರುವ ಯೋಚನೆ ಅದಕ್ಕಿಂತ ಕೆಟ್ಟದ್ದು, ಮಲಗಿದಲ್ಲೇ ಉಸಿರು ಕಟ್ಟೀತು. ರೇಡಿಯೇಟರು ಕಾಲಿನ ಕಡೆ, ಬೆಡ್‌ಶೀಟಿನ ಒಳಗೆ ನಿಲ್ಲಬೇಕು; ಹೊರಗಿನ ಸೆಕೆಯನ್ನು ಎಳೆಯದೆ ಒಳಗಿನ ಗಾಳಿಯನ್ನೇ ತಿರುಗಿಸಬೇಕು. ಐಸು ಉಳಿಯುವ ದೊಡ್ಡ ಗುಟ್ಟು ಇದೇ. ಡಬ್ಬಿ ಮಂಚದಡಿ.

ಹೀಗೆ ಮಾಡಿದರೆ ಕೋಣೆ 30–31 ಇರುವಾಗ ಪರದೆಯೊಳಗೆ 26ರ ಹತ್ತಿರ, ಫ್ಯಾನಿನ ಬಾಯಲ್ಲಿ 21–22. 20 ಕೆಜಿಗೆ ಆರು ಗಂಟೆ, ಇಬ್ಬರು ಮಲಗಿದರೆ ಐದು. ಪಂಪು, ಫ್ಯಾನು ಸೇರಿ ಒಂದು ಆಂಪಿಯರಿನ ಆಸುಪಾಸು, ಯುಪಿಎಸ್‌ನ 7 ಆಂಪಿಯರ್ ಅವರಿನ ಬ್ಯಾಟರಿ ಒಳ್ಳೆಯದಿದ್ದರೆ ಐದು ಗಂಟೆ ಎಳೆಯುತ್ತದೆ. ಮಳೆಗೆ ಮೊದಲಿನ ಗುಡುಗು-ಗಾಳಿಗೆ ಊರಿಡೀ ಕರೆಂಟು ಹೋದ ರಾತ್ರಿಯೂ ಇದು ನಡೆಯುತ್ತದೆ, ಎ.ಸಿ. ಇದ್ದವರು ಅಂಗಳದಲ್ಲಿ ಬೀಸಣಿಗೆ ಹಿಡಿದಿರುತ್ತಾರೆ.

ಐಸಿನ ಹಣದ ವಿಚಾರ ಬಚ್ಚಿಡುವುದಿಲ್ಲ. ಮಲ್ಪೆ ಬಂದರಿನಲ್ಲೋ ಮಂಗಳೂರಿನ ಮೀನುಗಾರಿಕೆ ದಕ್ಕೆಯಲ್ಲೋ ಐಸ್ ಪ್ಲಾಂಟಿನಿಂದ ಬಿಡಿಯಾಗಿ ತಂದರೆ ಕೆಜಿಗೆ ಐದು ರೂಪಾಯಿಯ ಹಾಗೆ, ರಾತ್ರಿಗೆ 100. ಒಂದು ಟನ್ನಿನ ಇನ್ವರ್ಟರ್ ಎ.ಸಿ. ರಾತ್ರಿಗೆ ನಾಲ್ಕೈದು ಯೂನಿಟ್ ತಿಂದರೂ ಅದಕ್ಕಿಂತ ಅಗ್ಗ. ಆದ್ದರಿಂದ ತಿಂಗಳುಗಟ್ಟಲೆ ಓಡಿಸುವವರಿಗೆ ಇದಲ್ಲ. ಏಪ್ರಿಲ್ ಕೊನೆಯಿಂದ ಮಳೆ ಹಿಡಿಯುವವರೆಗೆ ಮೂವತ್ತು ರಾತ್ರಿಯ ಮಾತು. ಬಾಡಿಗೆ ಮನೆಯಲ್ಲಿ ಗೋಡೆಗೆ ತೂತು ಹೊಡೆಯಲು ಬಿಡದವರಿಗೂ ಆಗುತ್ತದೆ. ಬ್ಲಾಕು ತಂದು ಮುಷ್ಟಿ ಗಾತ್ರಕ್ಕೆ ಒಡೆಯಿರಿ. ಹುಡಿ ಐಸು ತಂದರೆ ಗೋಣಿಯಲ್ಲಿ ಬರುವಾಗಲೇ ಕಾಲು ಭಾಗ ನೀರು.

ಮನೆಯ ಫ್ರಿಜ್ಜಿನಲ್ಲೇ ಮಾಡಿದರೆ ಅಗ್ಗ: ಹತ್ತು ಕೆಜಿಗೆ ಒಂದು ಯೂನಿಟ್ಟಿಗಿಂತ ಕಡಿಮೆ. ಆದರೆ ಸಾಮಾನ್ಯ ಫ್ರಿಜ್ಜು ದಿನಕ್ಕೆ ಎರಡು-ಮೂರು ಕೆಜಿಗಿಂತ ಹೆಚ್ಚು ಕಟ್ಟಿಕೊಡುವುದಿಲ್ಲ. ಫ್ರಿಜ್ಜೂ ಮಂಚವೂ ಒಂದೇ ಕೋಣೆಯಲ್ಲಿದ್ದರೆ ಲೆಕ್ಕವೇ ಉಲ್ಟಾ, ಐಸಿನಿಂದ ಪಡೆದದ್ದಕ್ಕಿಂತ ಹೆಚ್ಚು ಬಿಸಿಯನ್ನು ಅದರ ಬೆನ್ನು ಕೋಣೆಗೆ ಬಿಟ್ಟಿರುತ್ತದೆ. ಒಂದು ಲೀಟರಿನ ಬಾಟಲಿಯಲ್ಲಿ ಕಟ್ಟುವವರು 900 ಮಿಲಿಗಿಂತ ಹೆಚ್ಚು ತುಂಬಬೇಡಿ, ಒಡೆಯುತ್ತದೆ. ನಾನು ಈಗ ಹೆಚ್ಚಿನ ಪಾಲು ಹೊರಗಿನದ್ದು, ಉಳಿದದ್ದು ಮನೆಯದ್ದು ಹಾಕುತ್ತೇನೆ.

ಉಪ್ಪು ಹಾಕಿ ನೋಡಿದ್ದೂ ಆಯಿತು. ಎರಡು ಕೆಜಿ ಕಲ್ಲುಪ್ಪಿಗೆ ನೀರು ಸೊನ್ನೆಗಿಂತ ಕೆಳಗೆ ಇಳಿಯಿತು, ರೇಡಿಯೇಟರಿನ ರೆಕ್ಕೆಗಳ ನಡುವೆ ಹಿಮ ಕಟ್ಟಿತು, ಅರ್ಧ ಗಂಟೆಯಲ್ಲಿ ಗಾಳಿಯೇ ಬಂದ್. ಒಟ್ಟು ತಂಪು ಹೆಚ್ಚಾಗುವುದೂ ಇಲ್ಲ, ಐಸು ಬೇಗ ಕರಗುವುದಷ್ಟೇ. ಜೊತೆಗೆ ಪಂಪಿಗೆ ತುಕ್ಕು. ಫಲ ಕೊಟ್ಟ ಪ್ರಯೋಗ ಮರದ ಹುಡಿಯದ್ದು. ಥರ್ಮಾಕೋಲ್ ಡಬ್ಬಿಯನ್ನು ದೊಡ್ಡ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಸುತ್ತ ಎರಡು ಇಂಚು ಮರದ ಹುಡಿ ತುಂಬಿದರೆ ಮುಕ್ಕಾಲು ಗಂಟೆ ಹೆಚ್ಚು ಬರುತ್ತದೆ. 1833ರಲ್ಲಿ ಅಮೆರಿಕದಿಂದ ಕಲ್ಕತ್ತೆಗೆ ಹಡಗಿನಲ್ಲಿ ಐಸು ಬಂದದ್ದೂ ಇಂಥದ್ದೇ ಹೊದಿಕೆಯ ರಕ್ಷಣೆಯಲ್ಲಿ, ನಾಲ್ಕು ತಿಂಗಳ ದಾರಿ. ಹುಡಿ ಒದ್ದೆಯಾದರೆ ಮಾತ್ರ ಪ್ರಯೋಜನವಿಲ್ಲ, ಬದಲಾಯಿಸಬೇಕು. ತೆಂಗಿನ ನಾರಿನಿಂದಲೂ ಪ್ರಯತ್ನಿಸಿದೆ, ಅಷ್ಟಕ್ಕಷ್ಟೆ.

ರೇಡಿಯೇಟರಿನ ಅಡಿಗೆ ತಗಡಿನ ತಟ್ಟೆ, ಅದರಿಂದ ಬಾಟಲಿಗೆ ಒಂದು ಕೊಳವೆ ಮರೆಯಬೇಡಿ. ರಾತ್ರಿಗೆ ಒಂದೂವರೆ ಲೀಟರು ನೀರು ಇಳಿಯುತ್ತದೆ, ಅಷ್ಟೂ ಪರದೆಯೊಳಗಿನ ಗಾಳಿಯಿಂದ ಹಿಂಡಿದ್ದು. ಮೊದಲ ವಾರ ಇದು ಕಡಿಮೆಯಾಗಿ ಕಂಡರೆ ರೆಕ್ಕೆಗಳಲ್ಲಿ ಧೂಳಿದೆ ಎಂದರ್ಥ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ರೆಕ್ಕೆಯ ಉದ್ದಕ್ಕೇ ಉಜ್ಜಿ, ಅಡ್ಡಕ್ಕೆ ಉಜ್ಜಿದರೆ ಮಡಚಿಕೊಳ್ಳುತ್ತವೆ. ಜೂನ್ 1ಕ್ಕೆ ಯಾಂತ್ರಿಕ ಮೀನುಗಾರಿಕೆ ನಿಂತು ಐಸು ಸಿಗುವುದೂ ಕಷ್ಟವಾಗುತ್ತದೆ, ಅಷ್ಟರಲ್ಲಿ ಮಳೆಯೂ ಬಂದಿರುತ್ತದೆ. ಆಗ ರೇಡಿಯೇಟರನ್ನು ಬೋರಲು ಹಾಕಿ ಎರಡು ದಿನ ಬಿಸಿಲಿಗೋ, ಬಿಸಿಲಿಲ್ಲದಿದ್ದರೆ ಒಲೆಯ ಹತ್ತಿರವೋ ಪೂರ್ತಿ ಒಣಗಿಸಿ, ಎರಡೂ ಬಾಯಿಗೆ ಬಟ್ಟೆ ತುರುಕಿ ಇಡಿ. ಕಳೆದ ವರ್ಷ ಬಟ್ಟೆ ಇಡದ ಒಂದು ಬಾಯಿಯಲ್ಲಿ ಕಣಜದ ಹುಳ ಮಣ್ಣಿನ ಗೂಡು ಕಟ್ಟಿತ್ತು.